ಗೆದ್ದವನ ಗಾಡಿ ಮೂವತ್ತು ಸಾವಿರ

ನೀವು ನಂಬೂದಿಲ್ಲ. ಬ್ಯಾಡ, ನಂಬಬ್ಯಾಡ್ರಿ. ಇರಕಲ್ಲಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾವ ಚಹಾದಂಗಡಿಯವನನ್ನಾದರೂ ಕೇಳಿ ನೋಡ್ರಿ: ಈ ಸೀಮೆಯಲ್ಲಿ ಮೊಟ್ಟಮೊದಲು ಮಣ್ಣಿನ ಮೇಲೆ ಕಾರ್ ರೇಸ್ ಮಾಡಿಸಿದವನು ಯಾರು? ಅವನು ನನ್ನ ಹೆಸರೇ ಹೇಳುತ್ತಾನೆ. ಹೇಳಿ, ಆಮೇಲೆ ನಗುತ್ತಾನೆ. ಯಾಕೆ ನಗುತ್ತಾನೆ ಅನ್ನುವುದನ್ನು ಅವನಿಗಿಂತ ನನ್ನ ಬಾಯಿಂದ ಕೇಳುವುದು ಛಲೋ. ಅವನು ಅರ್ಧಕ್ಕರ್ಧ ಸುಳ್ಳು ಸೇರಿಸುತ್ತಾನೆ. ನಾನು ಅಷ್ಟು ಸೇರಿಸುವುದಿಲ್ಲ.

ಇಂಥವೆಲ್ಲ ನನಗೇ ಯಾಕೆ ಆಗುತ್ತವೋ, ದೇವರಿಗೇ ಗೊತ್ತು. ನಾನು ಮನೆಯಲ್ಲಿ ಸುಮ್ಮನೆ ಕೂತರೂ ಹುಡುಕಿಕೊಂಡು ಬರುತ್ತವೆ. ಸುಮ್ಮನೆ ಕೂತವನೂ ಅಲ್ಲ ಬಿಡ್ರಿ ನಾನು.

೧. ಹೆಲ್ಮೆಟ್ಟಿನ ರೇಟು

ನಾನೂ ನಮ್ಮ ಮಿಸ್ತ್ರಿಯೂ ಒಮ್ಮೆ ದೂರದ ದೊಡ್ಡ ಊರಿಗೆ ಮಣ್ಣಿನ ರೇಸ್ ನೋಡಲು ಹೋಗಿದ್ದೆವು. ಮಿಸ್ತ್ರಿ ಅಂದರೆ ಇರಕಲ್ಲಗಡದಲ್ಲಿ ಗಾಡಿ ರಿಪೇರಿ ಮಾಡುವವನು, ನನ್ನ ಸಾಲಿ ದೋಸ್ತ, ಒಂದೇ ಬೆಂಚಿನವನು. ಹತ್ತು ನಿಮಿಷ ನೋಡುವಷ್ಟರಲ್ಲಿ ನನ್ನ ಕೈ ತುರಿಸತೊಡಗಿತು. ಇವರೇನು ಓಡಿಸುತ್ತಾರೆ, ನಾವು ಬಿತ್ತಿಗಿ ಕಾಲದಾಗ ಹೊಲದ ದಾರಿಯಲ್ಲಿ ಇದಕ್ಕಿಂತ ಜೋರು ಓಡಿಸುತ್ತೇವೆ ಎಂದು ನೇರ ಟೇಬಲ್ಲಿನ ಹತ್ತಿರ ಹೋಗಿ, "ನನ್ನ ಹೆಸರೂ ಬರಕೊಳ್ರಿ" ಅಂದೆ.

ಟೇಬಲ್ಲಿನ ಹಿಂದೆ ಕೂತವನು ನನ್ನ ಚಪ್ಪಲಿ ನೋಡಿದ. ಆಮೇಲೆ ಒಂದು ಪಟ್ಟಿ ಓದಿದ. ಬೆಂಕಿ ಹತ್ತದ ಅಂಗಿ, ಬೆಂಕಿ ಹತ್ತದ ಬೂಟು, ಬೆಂಕಿ ಹತ್ತದ ಕೈಗವಸು, ರೇಸಿನ ಲೈಸೆನ್ಸು, ಹೆಲ್ಮೆಟ್ಟು. ಹೆಲ್ಮೆಟ್ಟಿನ ರೇಟು ಕೇಳಿ ಮಿಸ್ತ್ರಿ ನೆಲಕ್ಕೆ ಕೂತ.

"ಸರ, ಇಷ್ಟು ರೊಕ್ಕಕ್ಕ ನಮ್ಮ ಕಡೆ ಹೆಲ್ಮೆಟ್ಟಿನ ಜೋಡಿ ಗಾಡಿನೂ ಬರತೈತ್ರಿ."

"ಗಾಡಿ ಬೇರೆ, ಅದನ್ನು ನೀವೇ ತರಬೇಕು" ಅಂದ ಅವನು.

ವಾಪಸ್ ಬರುವಾಗ ರೈಲಿನಲ್ಲಿ ನಾನು ಎದೆ ತಟ್ಟಿ ಹೇಳಿದೆ: "ಮಿಸ್ತ್ರಿ, ನಮ್ಮೂರಾಗ ನಾನ ರೇಸ್ ಮಾಡಸತೀನಿ. ಗುಜರಿಗೆ ಹೋಗೋ ಗಾಡಿ, ಹೊಲದ ಮಣ್ಣು, ಅಷ್ಟ. ಬಡವರ ರೇಸು!"

ಮಿಸ್ತ್ರಿ ನನ್ನ ಮುಖವನ್ನೇ ನೋಡಿದ. "ಅಲ್ಲಲೇ, ನೀ ಬಡವ ಅಂತ ಒಪ್ಪಿಕೊಂಡದ್ದು ಇದ ಮೊದಲು ನೋಡು."

೨. ಎರಿ ಹೊಲದ ಕಪ್ಪು

ನಮ್ಮ ಕಾಕಾನ ಹೊಲವೊಂದು ಬೀಳು ಬಿದ್ದಿತ್ತು. ಅಂಗೈಯಂಥ ಸಮ. ಅಲ್ಲೇ ಟ್ರ್ಯಾಕು ಎಂದು ನಾನು ನಿರ್ಧರಿಸಿಬಿಟ್ಟೆ. ಕಾಕಾ ಬೀಡಿ ಆರಿಸಿ ಹೇಳಿದ: "ತಮ್ಮಾ, ಇದು ಎರಿ ಮಣ್ಣು. ಒಣಗಿದಾಗ ಕಲ್ಲು, ತೊಯ್ದಾಗ ಅಂಟು. ಗಾಡಿ ಓಡಸೋದಿದ್ರ ಮಸಾರಿಗೆ ಹೋಗು, ಕೆಂಪು ನೆಲ ಛಲೋ."

"ಕಾಕಾ, ನಾ ಡ್ರೈವರ್. ಎರಿ, ಮಸಾರಿ ಎಲ್ಲ ಒಕ್ಕಲುತನದವರ ಲೆಕ್ಕ."

"ಹಂಗಾರ ನೀ ಯಾರ ಮಗಾಲೇ?" ಅಂದ ಕಾಕಾ. ನಾನು ಟ್ರ್ಯಾಕಿಗೆ ಗೂಟ ಹೊಡೆಯಲು ಹೊರಟೆ. ದೊಡ್ಡ ಕೆಲಸ ಮಾಡುವವರು ಇಂಥ ಸಣ್ಣ ಪ್ರಶ್ನೆಗೆ ನಿಲ್ಲುವುದಿಲ್ಲ.

ರೇಸಿನ ದಿನ ಎಂಟು ಗಾಡಿ ಬಂದವು. ಕುಷ್ಟಗಿಯಿಂದ, ಗಂಗಾವತಿಯಿಂದ, ಯಲಬುರ್ಗಾ ಕಡೆಯಿಂದ. ಜನ ಹೊಲದ ಬದುವಿನ ತುಂಬ. ಬೆಳಿಗ್ಗೆ ಒಂದು ಸಣ್ಣ ಮಳೆ ಬಂದು ಹೋಗಿತ್ತು. "ಧೂಳು ಕುಂತಿತು, ಭಾಳ ಛಲೋ ಆತು" ಎಂದು ಮೈಕಿನಲ್ಲಿ ಹೇಳಿದವನೂ ನಾನೇ. ಸೀಟಿ ಊದಿದೆ. ಎಂಟೂ ಗಾಡಿ ಭರ್ರ್ ಅಂದವು. ಮೊದಲ ತಿರುವಿನವರೆಗೆ ಹೋದವು. ಅಲ್ಲಿ ಎಂಟೂ ನಿಂತವು. ಗಾಲಿಗೆ ಮೆತ್ತಿದ ಮಣ್ಣು ಗಾಲಿಗಿಂತ ದಪ್ಪ ಆಗಿತ್ತು.

ಕಾಕಾ ಮನೆಗೆ ಹೋಗಿ ಎತ್ತು ಹೊಡೆದುಕೊಂಡು ಬಂದ. ಒಂದೊಂದೇ ಗಾಡಿಗೆ ಹಗ್ಗ ಕಟ್ಟಿ ಎಳೆದು ಹಾಕಿದ. ಪ್ರತಿ ಗಾಡಿಗೂ ಜನ ಸಿಳ್ಳೆ ಹೊಡೆದರು. ಅವತ್ತು ಆ ಟ್ರ್ಯಾಕನ್ನು ಪೂರಾ ಸುತ್ತಿದ್ದು ಆ ಜೋಡಿ ಎತ್ತು ಮಾತ್ರ. "ಗೆದ್ದವರ ಕಪ್ ಎತ್ತಿಗೆ ಕೊಡ್ರಿ!" ಎಂದು ಜನ ಗದ್ದಲ ಹಾಕಿದರು. ಕೊಡಲೇಬೇಕಾಯಿತು. ಕಾಕಾ ಈಗಲೂ ಅದರಲ್ಲಿ ಎತ್ತಿಗೆ ಹಿಂಡಿ ನೆನೆ ಹಾಕುತ್ತಾನೆ.

೩. ನನ್ನ ರೂಲು

ಆಮೇಲೆ ಮಸಾರಿ ನೆಲದ ಮೈದಾನವೊಂದಕ್ಕೆ ಬಂದೆವು. ರೇಸು ಹಿಡಿಯಿತು ನೋಡ್ರಿ! ಗುಜರಿ ಗಾಡಿಗೆ ಮಿಸ್ತ್ರಿ ಒಳಗೆ ಕಬ್ಬಿಣದ ಪೈಪಿನ ಪಂಜರ ಕೂಡಿಸುತ್ತಿದ್ದ. ಎಲ್ಲರೂ ಬೈಕಿನ ಹೆಲ್ಮೆಟ್ಟು ಹಾಕುತ್ತಿದ್ದರು. ರೈತರು, ಟ್ರ್ಯಾಕ್ಟರ್ ಡ್ರೈವರುಗಳು, ಒಬ್ಬ ಸಾಲಿ ಮಾಸ್ತರ ಸಹ ಬಂದು ಓಡಿಸಿದರು.

ಅಷ್ಟರಲ್ಲಿ ಗಂಗಾವತಿಯ ಅಕ್ಕಿ ಗಿರಣಿ ಸಾಹುಕಾರರ ಮಗ ಬಂದ. ಗಾಡಿ ಹೊರಗಿನಿಂದ ನಮ್ಮವುಗಳಂತೆಯೇ ಇತ್ತು. ಒಳಗೆ ಹೊಸ ಇಂಜಿನ್ನು, ಪರದೇಶದ ಟೈರು. ಮೂರು ರೇಸು ಸಾಲಾಗಿ ಗೆದ್ದ. ಕುಷ್ಟಗಿಯವರು ಗಾಡಿ ತಿರುಗಿಸಿಕೊಂಡು ಹೊರಟರು. "ಕಾಲುವೆ ನೀರಿನ ಭತ್ತದ ರೊಕ್ಕದ ಜೋಡಿ, ನಾವು ಸಜ್ಜಿ ಬೆಳಿಯೋ ಮಂದಿ ಹೆಂಗ ಓಡೋದ್ರಿ?"

ನಾನು ಅವತ್ತೇ ಮೀಟಿಂಗ್ ಕರೆದು ರೂಲು ಮಾಡಿದೆ: ಗೆದ್ದ ಗಾಡಿಯನ್ನು ಸೋತವರಲ್ಲಿ ಯಾರು ಬೇಕಾದರೂ ಮೂವತ್ತು ಸಾವಿರ ಕೊಟ್ಟು ಅಲ್ಲೇ ತೆಗೆದುಕೊಂಡು ಹೋಗಬಹುದು. ಗೆದ್ದವನು ಇಲ್ಲ ಅನ್ನುವಂತಿಲ್ಲ. ಮೂವತ್ತು ಸಾವಿರಕ್ಕೆ ಕೈ ಬಿಟ್ಟು ಹೋಗುವ ಗಾಡಿಗೆ ಲಕ್ಷ ಸುರಿಯುವವನು ಯಾರು? ಪರದೇಶದಲ್ಲಿ ಹೀಗೆ ಮಾಡುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಹೇಳುವಾಗ ನಾನೇ ಕಂಡುಹಿಡಿದೆ ಅಂದೆ. ಚಪ್ಪಾಳೆಯೋ ಚಪ್ಪಾಳೆ. ಗಿರಣಿಯವನು ಮುಂದೆ ರೇಸಿಗೆ ಬರಲಿಲ್ಲ. ಕುಷ್ಟಗಿಯವರು ವಾಪಸ್ ಬಂದರು.

ಮೈದಾನದ ಪಕ್ಕದ ಗೋಡೌನಿನ ಗೋಡೆಗೆ ಪೇಂಟರನನ್ನು ಕರೆಸಿ ರೂಲು ಬರೆಸಿದೆ. ಕೆಳಗೆ ನನ್ನ ಹೆಸರು. ರೂಲಿನ ಅಕ್ಷರಕ್ಕಿಂತ ಹೆಸರಿನ ಅಕ್ಷರ ಸ್ವಲ್ಪ ದೊಡ್ಡವು.

ಮಿಸ್ತ್ರಿ ಗೋಡೆ ನೋಡುತ್ತ ಕೇಳಿದ: "ಲೇ, ನೀ ಗೆದ್ದರ?"

"ನನ್ನ ಗಾಡಿ ಕೇಳೋ ಧೈರ್ಯ ಯಾವನಿಗೈತಲೇ?"

"ಧೈರ್ಯ ಯಾಕ ಬೇಕು? ಮೂವತ್ತು ಸಾವಿರ ಸಾಕಲ್ಲ."

೪. ಕೋಳಿ ಒಪ್ಪಲಿಲ್ಲ

ಮುಂದಿನ ರೇಸಿಗೆ ವಾರ ಇರುವಾಗ ನನ್ನ ಗಾಡಿಯ ಇಂಜಿನ್ ಜಾಮ್ ಆಗಿ ಕೂತಿತು. ಉಳಿದದ್ದು ಅಪ್ಪನ ಗಾಡಿ.

ಅದು ಬಿಳಿ ಬಣ್ಣದ ಸಣ್ಣ ಕಾರು. ಅಪ್ಪ ತೆಗೆದುಕೊಂಡಾಗಲೇ ಎರಡು ಕೈ ದಾಟಿ ಬಂದಿತ್ತು. ನಮ್ಮೂರಿಗೆ ಬಂದ ಮೊದಲ ಕಾರು ಅದೇ. ಊರಿನ ಅರ್ಧ ಹುಡುಗರು ಅದರ ಹಿಂದಿನ ಸೀಟಿನಲ್ಲೇ ಹುಟ್ಟಬೇಕಿತ್ತು. ಅಪ್ಪ ಜೋರಾಗಿ ಓಡಿಸಿದ್ದಕ್ಕೆ ಕೊಪ್ಪಳದ ಆಸ್ಪತ್ರೆಯಲ್ಲಿ ಹುಟ್ಟಿದರು. ಯಾರ ಹತ್ತಿರವೂ ಬಾಡಿಗೆ ಕೇಳಿದವನಲ್ಲ. ಈಗ ಅದು ಬೇವಿನ ಮರದ ಕೆಳಗೆ ನಿಂತಿತ್ತು. ಅಪ್ಪ ದಿನಾ ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿ, ಸದ್ದು ಕೇಳಿ, ಬಂದ್ ಮಾಡುತ್ತಿದ್ದ.

"ಯಪ್ಪಾ, ರೇಸಿಗೆ ಗಾಡಿ ಕೊಡು" ಅಂದೆ.

ಅಪ್ಪ ಬಾನೆಟ್ಟಿನ ಮೇಲೆ ಬಿದ್ದ ಬೇವಿನ ಎಲೆ ಸರಿಸಿದ. "ಡೊಂಕಾದ್ರೂ ನಡೀತೈತಿ, ಗ್ಲಾಸ್ ಒಡದ್ರೂ ನಡೀತೈತಿ. ಸಂಜಿಗೆ ಮಾತ್ರ ನಮ್ಮ ಮನಿ ಮುಂದ ಇರಬೇಕು."

"ಸಂಜಿಗೆ ಬಾನೆಟ್ ಮ್ಯಾಲ ಕಪ್ ಇಟಗೊಂಡ ತರತೀನಿ" ಅಂದೆ. ಗೋಡೆ ಮೇಲಿನ ರೂಲಿನ ಮಾತು ಬಾಯಿವರೆಗೂ ಬಂದಿತ್ತು. ಹೇಳಲಿಲ್ಲ. ಇವತ್ತಿಗೂ ಮಲಗುವಾಗ ಅದೊಂದು ನೆನಪಾಗುತ್ತದೆ.

ಆದರೆ ಡ್ರೈವರ್ ಸೀಟಿನ ಮೇಲೆ ಪಕ್ಕದ ಮನೆಯ ಕೋಳಿ ಕಾವಿಗೆ ಕೂತಿತ್ತು. ಮರಿ ಆಗುವವರೆಗೆ ಎಬ್ಬಿಸಬ್ಯಾಡ ಅಂದ ಅಪ್ಪ. ಅಪ್ಪ ಒಂದೇ ಮಾತಿಗೆ ಒಪ್ಪಿದ, ಕೋಳಿ ನಾಲ್ಕು ದಿನ ಒಪ್ಪಲಿಲ್ಲ.

೫. ಎರಡನೇದವನಾಗು

ರೇಸಿನ ಬೆಳಿಗ್ಗೆ ರೇಸಿನಲ್ಲಿ ತೆರೆದುಕೊಳ್ಳಬಾರದೆಂದು ಮಿಸ್ತ್ರಿ ಗಾಡಿಯ ಬಾಗಿಲಿಗೆ ವೆಲ್ಡಿಂಗ್ ಹೊಡೆದ. ಕಿಟಕಿಯಿಂದ ನನ್ನನ್ನು ಒಳಗೆ ತೂರಿಸುತ್ತ ಕಿವಿಯಲ್ಲಿ ಹೇಳಿದ: "ದೋಸ್ತ, ಇವತ್ತೊಂದು ದಿನ ಎರಡನೇದವನಾಗು. ಗೆಲ್ಲಬ್ಯಾಡ. ನಿಮ್ಮಪ್ಪನ ಗಾಡಿ ಇದು."

"ಗೊತ್ತೈತಿ ಬಿಡಲೇ" ಅಂದೆ. ನಿಜವಾಗಿ ಗೊತ್ತಿತ್ತು.

ಹತ್ತು ಸುತ್ತು. ಒಂಬತ್ತನೆಯದರಲ್ಲಿ ನನ್ನ ಜೊತೆ ಉಳಿದವನು ಮಂಗಳೂರಿನ ಟ್ರ್ಯಾಕ್ಟರ್ ಡ್ರೈವರ್ ಒಬ್ಬನೇ. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಕೊನೆಯ ತಿರುವಿನಲ್ಲಿ ಮಿಸ್ತ್ರಿ ಎರಡೂ ಕೈ ಕೆಳಗೆ ಒತ್ತಿ ಒತ್ತಿ ತೋರಿಸುತ್ತಿದ್ದ, ನಿಧಾನ, ನಿಧಾನ ಎಂದು. ನಾನು ಆಕ್ಸಿಲರೇಟರ್ ಬಿಡಲು ತಯಾರಾದೆ. ಅಷ್ಟರಲ್ಲಿ ಮಂಗಳೂರಿನವನು ಪಕ್ಕಕ್ಕೆ ಬಂದ. ನನ್ನ ಕಡೆ ನೋಡಿ ಹಲ್ಲು ಕಿರಿದ.

ಕಾಲು ನನ್ನ ಮಾತು ಕೇಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಾಲೂ ನಂದೇ. ಒತ್ತಿದೆ. ಒಂದು ಮೊಳದ ಅಂತರದಲ್ಲಿ ಗೆದ್ದೆ.

ಜನ ನನ್ನನ್ನು ಕಿಟಕಿಯಿಂದ ಎಳೆದು ಹೆಗಲ ಮೇಲೆ ಹೊತ್ತರು. ಕೆಳಗಿಳಿಸುವಾಗ ಎದುರಿಗೆ ಮಂಗಳೂರಿನವನು ನಿಂತಿದ್ದ. ಟವೆಲ್ಲಿನ ಗಂಟು ಬಿಚ್ಚಿ ಮೂವತ್ತು ಸಾವಿರ ಬಾನೆಟ್ಟಿನ ಮೇಲೆ ಇಟ್ಟ.

"ಇದು ನಮ್ಮಪ್ಪನ ಗಾಡಿ ಐತೋ ಮಾರಾಯ!"

"ಅದಕ್ಕ ಬೇಕ್ರಿ. ಭಾಳ ಛಲೋ ಇಟ್ಟಾರ."

"ಇದೆಂಥಾ ರೂಲು? ಯಾವ ಹುಚ್ಚ ಬರೆದಾನ ಇದನ್ನ?" ಎಂದು ನಾನು ಸಿಟ್ಟಿನಲ್ಲಿ ಒದರಿದೆ. ಸುತ್ತ ನಿಂತ ಜನ ಗೋಡೆಯ ಕಡೆ ತಿರುಗಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು.

ಜನರ ನಡುವಿನಿಂದ ಅಪ್ಪ ಬಂದ. ಅವನು ರೇಸು ನೋಡಲು ಬಂದದ್ದೇ ನನಗೆ ಗೊತ್ತಿರಲಿಲ್ಲ. ಗೋಡೆಯ ಹತ್ತಿರ ಹೋಗಿ ರೂಲನ್ನು ಮೊದಲಿಂದ ಕೊನೆಯವರೆಗೆ ಓದಿದ. ವಾಪಸ್ ಬಂದು ಜೇಬಿನಿಂದ ಗಾಡಿಯ ಇನ್ನೊಂದು ಕೀಲಿ ತೆಗೆದು ಮಂಗಳೂರಿನವನ ಕೈಯಲ್ಲಿಟ್ಟ.

"ಎರಡನೇ ಗೇರು ಒಮ್ಮೊಮ್ಮೆ ಬೀಳೂದಿಲ್ಲ ತಮ್ಮಾ. ಸಿಟ್ಟಾಗಬ್ಯಾಡ. ಸ್ವಲ್ಪ ತಡದು ಹಾಕು, ಬೀಳತೈತಿ."

ಆಮೇಲೆ ನನ್ನ ಕಡೆ ತಿರುಗಿದ. "ಸಂಜಿಗೆ ಗಾಡಿ ಮನಿ ಮುಂದ ಇರಬೇಕಂದಿದ್ದೆ. ನೀನರ ಬಾ."

೬. ನೀವು ಮುಂದ ಹೋಗ್ರಿ

ಆ ಮೂವತ್ತು ಸಾವಿರವನ್ನು ಅಪ್ಪ ಮುಟ್ಟಲಿಲ್ಲ. ಬೇವಿನ ಮರದ ಕೆಳಗಿನ ಜಾಗವನ್ನು ಮಾತ್ರ ದಿನಾ ಬೆಳಿಗ್ಗೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದ. ಅದನ್ನು ನೋಡಲಾರದೆ ನಾನು ಒಂದು ಉಪಾಯ ಮಾಡಿದೆ. ಮುಂದಿನ ರೇಸಿನಲ್ಲಿ ಮಂಗಳೂರಿನವನು ಗೆಲ್ಲುವುದು ಗ್ಯಾರಂಟಿ, ಗಾಡಿ ಹಂಗಿತ್ತು. ಯಾವುದಾದರೂ ಗುಜರಿ ಗಾಡಿ ತಂದು ಓಡಿಸಿ, ಸೋತು, ಅದೇ ಮೂವತ್ತು ಸಾವಿರ ಅವನ ಬಾನೆಟ್ಟಿನ ಮೇಲೆ ಇಡುವುದು.

ಮಿಸ್ತ್ರಿ ಹೇಳಿದ: "ನೀ ಕುಂತರ ಮತ್ತ ಗೆಲ್ಲತೀ. ನಾನ ಕುಂದರತೀನಿ. ನನಗ ಸೋಲಾಕ ಬರತೈತಿ."

ಕುಷ್ಟಗಿಯ ಗುಜರಿಯಿಂದ ಅವನೊಂದು ಗಾಡಿ ತಂದ. ರೊಕ್ಕವನ್ನು ಅವನ ಸೊಂಟಕ್ಕೆ ನಾನೇ ಕಟ್ಟಿದೆ. ರೇಸು ಶುರುವಾಯಿತು. ಅಂದುಕೊಂಡಂತೆಯೇ ಅಪ್ಪನ ಬಿಳಿ ಗಾಡಿ ಎಲ್ಲರಿಗಿಂತ ಮುಂದೆ. ಹತ್ತನೇ ಸುತ್ತು. ರೇಸು ಮುಗಿಯುವ ಗೆರೆಗೆ ಇನ್ನು ಹತ್ತು ಮಾರು. ಅಲ್ಲಿ ಮಂಗಳೂರಿನವನು ಬ್ರೇಕ್ ಹಾಕಿ ನಿಂತ! ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಿನ ಕುಷ್ಟಗಿಯವನಿಗೆ, "ಬರ್ರಿ ಅಣ್ಣಾರ, ನೀವು ಮುಂದ ಹೋಗ್ರಿ" ಅಂದ.

ಕುಷ್ಟಗಿಯವನೂ ನಿಂತ. "ಏ, ಎಲ್ಲ್ಯರ ಉಂಟೇನ್ರಿ? ಮುಂದ ಇದ್ದವರು ನೀವು. ನೀವು ಹೋಗ್ರಿ."

ಮೂರನೆಯವರು ಮಾಸ್ತರ. ಅವರೂ ನಿಂತರು. "ನನಗೇನು ಅವಸರ ಇಲ್ರಪಾ. ಯಾರರ ಹೋಗ್ರಿ."

ಆಗ ಗೊತ್ತಾಯಿತು. ಇಷ್ಟು ದಿನ ಕೈಯಾರೆ ಬಡಿದು, ತಿದ್ದಿ ಓಡಿಸಿದ ಗಾಡಿ ಎಲ್ಲರಿಗೂ ಮನೆ ಮಗನಂತೆ ಆಗಿತ್ತು. ಗೆದ್ದು ಅದನ್ನು ಮೂವತ್ತು ಸಾವಿರಕ್ಕೆ ಕೊಡುವ ಮನಸ್ಸು ಯಾರಿಗೂ ಇರಲಿಲ್ಲ. ಏಳು ಗಾಡಿ ಗೆರೆಯ ಮುಂದೆ ಸಾಲಾಗಿ ನಿಂತು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದವು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಒಂದು ಸುತ್ತು ಹಿಂದೆ ಉಳಿದಿದ್ದ ನಮ್ಮ ಮಿಸ್ತ್ರಿ ಬಂದ. ಅವನೂ ಕೈ ಹೊರಗೆ ಹಾಕಿ, "ನೀವು ಹೋಗ್ರಿ, ನೀವು ಹೋಗ್ರಿ" ಎಂದು ಒದರುತ್ತಲೇ ಗೆರೆ ದಾಟಿದ, ಉಳಿದ ಒಂದು ಸುತ್ತನ್ನೂ ಹೊಡೆದು ಬಂದು ಮತ್ತೊಮ್ಮೆ ದಾಟಿದ. ಗುಜರಿ ಗಾಡಿಯ ಬ್ರೇಕು ಹೋಗಿತ್ತು.

ಹತ್ತು ಸುತ್ತು ಮುಗಿಸಿ ಗೆರೆ ದಾಟಿದವನು ಅವನೊಬ್ಬನೇ. ಗೆದ್ದ. ಅವನ ಗಾಡಿಗೆ ಮೂವತ್ತು ಸಾವಿರ ಕೊಡ್ತೀನಿ ಎಂದು ಒಬ್ಬನೂ ಮುಂದೆ ಬರಲಿಲ್ಲ.

ಅಂದಿನಿಂದ ಮಂಗಳೂರಿನವನು ಗಾಡಿ ಕೈ ಬಿಟ್ಟು ಹೋಗಬಾರದೆಂದು ಪ್ರತಿ ರೇಸಿನಲ್ಲೂ ಎರಡನೆಯವನೇ. ಅಪ್ಪ ಪ್ರತಿ ರೇಸಿಗೂ ಬರುತ್ತಾನೆ, ಅವನ ಕಡೆ ನಿಂತು ಗೇರಿನ ಸದ್ದು ಕೇಳುತ್ತಾನೆ. ನನ್ನ ಹತ್ತಿರ ಗಾಡಿ ಇಲ್ಲ. ರೇಸಿಗೆ ಮೊದಲು ಧೂಳು ಕೂರಿಸಲು ನೀರು ಹೊಡೆಯುವ ಟ್ರ್ಯಾಕ್ಟರ್ ಟ್ಯಾಂಕರನ್ನು ಈಗ ರೇಸು ನಡೆಸುವ ಕಮಿಟಿಯವರು ನನಗೆ ಕೊಟ್ಟಿದ್ದಾರೆ. ಮೊದಲನೇ ಗೇರಿನಲ್ಲೇ ಓಡಿಸಬೇಕು. ಮಧ್ಯಾಹ್ನದ ಊಟ ಅವರದೇ.