ಬಾಗಿಲು ಬಡಿದರೆ ಕಸಬರಿಗೆ

ಹಗಲು ಹೊತ್ತಿನಲ್ಲಿ ಯಾರಾದರೂ ನಮ್ಮ ಮನೆಯ ಬಾಗಿಲು ಬಡಿದರೆ ನಾನು ಮೊದಲು ಕಸಬರಿಗೆ ಹಿಡಿಯುತ್ತೇನೆ, ಆಮೇಲೆ ಚಿಲಕ ತೆಗೆಯುತ್ತೇನೆ. ಬಂದವರನ್ನು ಹೊಡೆಯಲಿಕ್ಕಲ್ಲ. ನಾನು ಸುಮ್ಮನೆ ಕುಳಿತಿರಲಿಲ್ಲ ಎಂದು ಅವರಿಗೆ ಕಾಣಲಿ ಎಂದು. ನಮ್ಮ ರೇಷನ್ ಕಾರ್ಡಿನಲ್ಲಿ ಯಜಮಾನತಿ ನಾನೇ. ಅತ್ತೆ ಇರುವುದು ನಮ್ಮ ಜೊತೆಗಾದರೂ ಅವರ ಹೆಸರು ಹಿರೋಳ್ಳಿಯ ಭಾವನವರ ಕಾರ್ಡಿನಲ್ಲಿದೆ. ಹಾಗಾಗಿ ಗೃಹಲಕ್ಷ್ಮಿಯ ಹಣ ನನ್ನ ಖಾತೆಗೆ ಬರುತ್ತದೆ. ಬಂದ ದಿನ ಸಂತೋಷವಾಗುತ್ತದೆ, ಮರುದಿನ ಎದೆ ಢವಢವ ಎನ್ನುತ್ತದೆ. ಸರ್ಕಾರದವರು ಯಾರನ್ನಾದರೂ ಕಳಿಸಿ, "ತಿಂಗಳಾ ತಿಂಗಳಾ ತಗೊಳ್ಳಾಕತ್ತೀರಿ, ಬದಲಿಗೆ ಏನ್ ಮಾಡ್ತೀರಿ, ಜರಾ ತೋರಸ್ರಿ" ಎಂದರೆ? ನಾನು ಆಗ ತಾನೇ ಮಧ್ಯಾಹ್ನದ ನಿದ್ದೆಯಿಂದ ಎದ್ದು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿಸಿಕೊಂಡು ನಿಂತಿದ್ದರೆ?

ನಮ್ಮವರು ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ನನ್ನ ಭಯ ಹೇಳಿಕೊಂಡರೆ ತಂತಿಯಿಂದ ಕಣ್ಣೆತ್ತದೆ, "ಸರ್ಕಾರಕ್ಕ ನಮ್ಮ ಓಣಿ ನಳ ನೋಡಾಕ ಪುರ್ಸೊತ್ತಿಲ್ಲ, ನಿನ್ನ ಕಸಾ ನೋಡಾಕ ಬರ್ತದೇನ?" ಎನ್ನುತ್ತಾರೆ. ಇದು ಸಮಾಧಾನವೋ ಬೈಗುಳವೋ ಇಷ್ಟು ವರ್ಷದ ಸಂಸಾರದ ಮೇಲೂ ನನಗೆ ಗೊತ್ತಾಗಿಲ್ಲ.

ತಪ್ಪು ನಾನು ಓದಿದ ಕಾನ್ವೆಂಟಿನದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಶನಿವಾರ ಶಾಲೆ ಬಿಡುವ ಮುಂಚೆ ನಮ್ಮ ಸಿಸ್ಟರ್ ಎಲ್ಲರಿಗೂ ಒಂದೊಂದು ಬನ್ ಕೊಡುತ್ತಿದ್ದರು. ಆದರೆ ಮೊದಲು ಬೆಂಚು ಒರೆಸಬೇಕು. ಬೆರಳಿನಿಂದ ಬೆಂಚಿನ ಕೆಳಭಾಗವನ್ನೂ ಸವರಿ ನೋಡಿ, ಧೂಳು ಹತ್ತದಿದ್ದರೆ ಮಾತ್ರ ಬನ್. ಹಾಗೆ ಬೆಳೆದವಳಿಗೆ ಒರೆಸದೆ ತಿಂದದ್ದು ಯಾವುದೂ ಜೀರ್ಣವಾಗುವುದಿಲ್ಲ. ಮದುವೆ ಮನೆಗೆ ಉಣ್ಣಲು ಹೋದರೂ ನಾಲ್ಕು ಎಲೆ ಎತ್ತಿ ಬರುತ್ತೇನೆ. ಎಷ್ಟೋ ಸಲ ಉಂಡೇ ಇರದವರ ಎಲೆ ಎತ್ತಿ ಬೈಸಿಕೊಂಡಿದ್ದೇನೆ.

ಇಂಥ ನನ್ನನ್ನು ಹುಡುಕಿಕೊಂಡು ನಮ್ಮ ಓಣಿಯ ಮಹಿಳಾ ಮಂಡಳದ ಚರ್ಚಾಸ್ಪರ್ಧೆ ಬಂತು. ಕೆಲಸವಿಲ್ಲದವರಿಗೆ ಸರ್ಕಾರ ಭತ್ಯೆ ಕೊಡುವುದಾದರೆ ಅದಕ್ಕೆ ಪ್ರತಿಯಾಗಿ ಅವರಿಂದ ಕೆಲಸ ಮಾಡಿಸಬೇಕೋ ಬೇಡವೋ ಎಂಬುದು ವಿಷಯ. ಅಧ್ಯಕ್ಷೆ, ನಿವೃತ್ತ ಶಿಕ್ಷಕಿ ಶಾಂತಾಬಾಯಿ ಟೀಚರ್, "ಸುನಂದಾ, ನೀ ಕಾನ್ವೆಂಟ್ನಾಕಿ ಇದ್ದಿ. ಮಾಡಿಸಬೇಕು ಅನ್ನೋ ಕಡಿ ನೀನ ಮಾತಾಡು" ಎಂದರು. ಹೆಮ್ಮೆಯಿಂದ ಹೂಂ ಎಂದೆ. ಮನೆಗೆ ಬಂದು ಚಪ್ಪಲಿ ಬಿಡುವಾಗಲಷ್ಟೇ ನಮ್ಮ ಮನೆಯಲ್ಲಿ ಭಾಗ್ಯವಂತಿ ಇದ್ದಾಳೆಂಬುದು ನೆನಪಾದದ್ದು.

ಭಾಗ್ಯವಂತಿ ನಮ್ಮವರ ಅಕ್ಕನ ಮಗಳು. ಮಟಕಿ ಎಂಬ ಊರಿನವಳು. ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತ ನಮ್ಮಲ್ಲಿದ್ದಾಳೆ. ಪದವಿ ಪಡೆದೂ ಕೆಲಸ ಸಿಗದವರಿಗೆ ಕೊಡುವ ಯುವನಿಧಿ ಅವಳಿಗೆ ಬರುತ್ತದೆ, ಬಂದದ್ದು ಅರ್ಜಿಗಳಿಗೇ ಹೋಗುತ್ತದೆ. ಬೆಳಿಗ್ಗೆ ಗ್ರಂಥಾಲಯ, ಮಧ್ಯಾಹ್ನ ಕಂಪ್ಯೂಟರ್ ಅಂಗಡಿ, ಸಂಜೆ ಕಿಟಕಿಯ ಪಕ್ಕ ಪುಸ್ತಕ. ಉಣ್ಣುವಾಗ ಎರಡನೆಯ ರೊಟ್ಟಿಯನ್ನು ನಾನು ಹಾಕುವ ತನಕ ಕೇಳುವವಳಲ್ಲ. ಅವಳ ಮುಂದೆ ಇಂಥ ಭಾಷಣವನ್ನು ಅಭ್ಯಾಸ ಮಾಡುವುದು ಹೇಗೆ? ಅವಳು ಹೊರಗೆ ಹೋದಾಗ ಅಡುಗೆಮನೆಯಲ್ಲಿ ಕುಕ್ಕರನ್ನು ಸಭೆ ಎಂದು ತಿಳಿದು ಮಾಡತೊಡಗಿದೆ. "ಮಾನ್ಯರೇ, ಕೂತು ಉಣ್ಣುವವರಿಗೆ ಅನ್ನದ ಬೆಲೆ ತಿಳಿಯದು! ಮೊದಲು ಕೆಲಸ, ಆಮೇಲೆ ತುತ್ತು!" ಎಂದು ಕೈ ಎತ್ತಿದೆ. ಕುಕ್ಕರ್ ಸೀಟಿ ಹಾಕಿತು. ಚಪ್ಪಾಳೆ ಬಿದ್ದಷ್ಟು ಹಿಗ್ಗಿ ಹಿಂತಿರುಗಿದರೆ, ಬಾಗಿಲಲ್ಲಿ ಭಾಗ್ಯಾ ನಿಂತಿದ್ದಳು. ಗ್ರಂಥಾಲಯಕ್ಕೆ ರಜೆಯಂತೆ.

"ಛಲೋ ಅದ ಅತ್ತಿ" ಎಂದಳು. "ಧ್ವನಿ ಜರಾ ಏರಸ್ರಿ. ಹಿಂದ ಕುಂತವರಿಗಿ ಕೇಳಬೇಕಲ್ಲ."

ಮರುದಿನ ನನ್ನನ್ನು ಎಬ್ಬಿಸಿದ್ದು ರೊಟ್ಟಿ ಬಡಿಯುವ ಸಪ್ಪಳ. ನಮ್ಮ ಕಡೆ ಬೆಳಗಾಯಿತೆಂದು ತಿಳಿಯುವುದೇ ಆ ಸಪ್ಪಳದಿಂದ. ಆದರೆ ಮದುವೆಯಾದಾಗಿನಿಂದ ಈ ಮನೆಯಲ್ಲಿ ಆ ಸಪ್ಪಳ ನನ್ನ ಕೈಯಿಂದಲೇ ಹುಟ್ಟುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳುವುದೆಂದರೆ, ನಾನು ಇಲ್ಲಿರುವಾಗಲೇ ಅಲ್ಲಿ ಯಾರೋ ನಾನಾಗಿಬಿಟ್ಟಂತೆ. ಎದ್ದು ಓಡಿದೆ. ಹುಣ್ಣಿಮೆ ಚಂದ್ರನಂಥ ರೊಟ್ಟಿಗಳು, ಒಂದರ ಅಂಚೂ ಬಿರಿದಿಲ್ಲ. ನನ್ನವು ಭೂಪಟದ ಹಾಗೆ ಇರುತ್ತವೆ, ಕೆಲವು ದೇಶಗಳಿಗೆ ಸಮುದ್ರವೂ ಇರುತ್ತದೆ.

"ನೀನ್ಯಾಕ ಮಾಡಾಕತ್ತಿ ಭಾಗ್ಯಾ? ಸರಿ, ನಾ ಮಾಡ್ತೇನಿ."

"ಇರಲಿ ಅತ್ತಿ. ನೀವು ಕುಂದರ್ರಿ."

ಆ 'ಕುಂದರ್ರಿ' ಅಂದಿಗೆ ನಿಲ್ಲಲಿಲ್ಲ. ಪಾತ್ರೆ, ಬಟ್ಟೆ, ಅಂಗಳ, ಅತ್ತೆಯ ಕಾಲಿಗೆ ಎಣ್ಣೆ, ಎಲ್ಲವೂ ನಾನು ಕೈ ಚಾಚುವ ಮೊದಲೇ ಮುಗಿದಿರುತ್ತಿತ್ತು. ಮಸಾಲೆ ಡಬ್ಬಿಗಳನ್ನು ಅವಳು ಎಷ್ಟು ಒಪ್ಪವಾಗಿ ಜೋಡಿಸಿಟ್ಟಳೆಂದರೆ ನನ್ನದೇ ಅಡುಗೆಮನೆಯಲ್ಲಿ ಜೀರಿಗೆ ಎಲ್ಲಿದೆ ಎಂದು ಅವಳನ್ನು ಕೇಳಬೇಕಾಯಿತು. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ತಾಳಲಾರದೆ ಒಂದು ಸಂಜೆ ಬಾಗಿಲ ಚೌಕಟ್ಟಿಗೆ ಆತುಕೊಂಡು, "ಭಾಗ್ಯಾ, ಏನಾರೆ ಕೆಲಸ ಅದಾವೇನ?" ಎಂದೆ. ಅರ್ಜಿ ಹಾಕಿದಂತೆಯೇ ಕೇಳಿಸಿತು. "ಸದ್ಯ ಏನೂ ಇಲ್ಲ ಅತ್ತಿ" ಎಂದಳು. ಅವಳಿಗೆ ಎಷ್ಟು ಕಡೆಯಿಂದ ಬಂದ ಉತ್ತರವೋ ಅದು! ಅದೇ ಮೆತ್ತನೆಯ ದನಿಯಲ್ಲಿ ನನಗೆ ದಾಟಿಸಿದಳು.

ಅತ್ತೆಯವರಂತೂ ಹಿಗ್ಗಿಹೋದರು. "ಇಷ್ಟು ವರ್ಷದ ಮ್ಯಾಲ ಹಲ್ಲಿಗಿ ಸುಖಾ ಸಿಕ್ಕಾದ ನೋಡು" ಎಂದು ರೊಟ್ಟಿ ಮುರಿಯುತ್ತ ನನ್ನ ಕಡೆ ನೋಡಿದರು. ಆದರೆ ನನ್ನ ಭಾಷಣದ ವಿಷಯ ತಿಳಿದ ಮೇಲೆ ಅವರೇ ಉರಿದುಬಿದ್ದರು.

"ಏನ್ ಬೇ ಸುನಂದಾ, ಮಠದಾಗ ದಾಸೋಹಕ್ಕ ಕುಂತವರಿಗಿ ಮೊದಲ ಕಸಾ ಹೊಡಿ, ಆಮ್ಯಾಲ ಹುಗ್ಗಿ ಹಾಕ್ತೀವಿ ಅಂತಾರೇನ?"

"ದಾಸೋಹದ ಸಂಗಾಟ ಕಾಯಕಾನೂ ಹೇಳ್ಯಾರಲ್ರಿ ಅತ್ತಿ."

"ಹಂಗಾರ ನಾವು ಹೆಂಗಸರು ಸರ್ಕಾರಿ ಬಸ್ಸಿನ್ಯಾಗ ಮುಫತ್ ಹೋಗ್ತೀವಲ್ಲ, ನಡುದಾರ್ಯಾಗ ಇಳದು ಬಸ್ ನೂಕ್ಲೇನ? ನನ್ನ ಮಣಕಾಲ ನೋಡಿ ಮಾತಾಡು!"

ನಮ್ಮವರು ನಕ್ಕು, "ಭಾಗ್ಯಾ ಕೆಲಸಕ್ಕ ಹತ್ಯಾಳ, ನಿನ್ನ ತಗದಾರ. ನೀ ಇನ್ನ ಯುವನಿಧಿಗೆ ಅರ್ಜಿ ಹಾಕು" ಎಂದರು. ನಾನೂ ನಕ್ಕೆ. ಆದರೆ ಅಂದು ಅವಳ ಕೋಣೆ ಗುಡಿಸುವ ನೆಪ ಮಾಡಿಕೊಂಡು ಹೋದಾಗ ನಗು ಹೋಯಿತು. ಕೋಣೆ ಗುಡಿಸಿಯೇ ಇತ್ತು. ಕಿಟಕಿಯ ಪಕ್ಕದ ಪುಸ್ತಕದ ಮೇಲೆ ಮಾತ್ರ ತೆಳ್ಳಗೆ ಧೂಳು. ಸಿಸ್ಟರ್ ಮಾಡುತ್ತಿದ್ದ ಹಾಗೆ ಬೆರಳಿನಿಂದ ಸವರಿದೆ. ಬೆರಳಿಗೆ ಹತ್ತಿತು.

ಅದೇ ವಾರ ಜೇವರ್ಗಿಯ ಒಂದು ಖಾಸಗಿ ಶಾಲೆಯಿಂದ ಅವಳಿಗೆ ಫೋನು ಬಂತು. ವಿಜ್ಞಾನದ ಟೀಚರ್ ಬೇಕಾಗಿದ್ದಾರೆ, ಸೋಮವಾರ ಬೆಳಿಗ್ಗೆ ಬಂದು ಒಂದು ಪಾಠ ಮಾಡಿ ತೋರಿಸಬೇಕು. ವರ್ಷದಿಂದ ಕಾಯುತ್ತಿದ್ದ ಕರೆ. ಭಾಗ್ಯಾ ಫೋನಿಟ್ಟು ಮತ್ತೆ ಹಿಟ್ಟು ನಾದತೊಡಗಿದಳು.

"ಮೊದಲನೇ ಬಸ್ಸಿಗೇ ಹೋಗಬೇಕಾಗ್ತದ ಅತ್ತಿ. ರೊಟ್ಟಿ ಯಾರು ಮಾಡವ್ರು? ಮೊದಲ ಕೆಲಸ, ಆಮ್ಯಾಲ ತುತ್ತು."

ವ್ಯಂಗ್ಯದಿಂದ ಹೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನಂಬಿ ಹೇಳಿದಳು. ಪಾಠಕ್ಕೆ ತಯಾರಿಯಿಲ್ಲ, ಪುಸ್ತಕ ಮುಟ್ಟಿಲ್ಲ, ಈಗ ಹೋಗುವುದೂ ಇಲ್ಲವೇ? ನಾಳೆ ಮಟಕಿಯಿಂದ ಅವಳ ತಾಯಿ, "ಕೆಲಸ ಹುಡುಕಲಿ ಅಂತ ಕಳಸಿದ್ರ ರೊಟ್ಟಿ ಬಡಿಯಾಕ ಇಟ್ಕೊಂಡಿಯೇನ ಸುನಂದಾ?" ಎಂದರೆ ಯಾವ ಗೋಡೆಗೆ ಮುಖ ಮಾಡಲಿ? ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ನನ್ನ ತಾಟಿನ ಮುಂದೆ ಇನ್ನೆಂದೂ ನಿರಾಳವಾಗಿ ಕೂರದಿದ್ದರೆ? "ಪಾಠ ಓದ್ಕೋ ತಾಯಿ" ಎಂದು ಬೇಡಿಕೊಂಡೆ. "ಓದ್ತೇನಿ ಅತ್ತಿ, ಈ ಬಟ್ಟಿ ಒಣಾ ಹಾಕಿ" ಎಂದಳು.

ಭಾನುವಾರ ಸಭೆ. ಟೀಚರಮ್ಮನ ಪಡಸಾಲೆ ತುಂಬಿತ್ತು. ನನ್ನ ಹೆಸರು ಕೂಗಿದಾಗ ಎದ್ದು ನಿಂತು "ಮಾನ್ಯರೇ" ಎಂದೆ. ಹಿಂದಿನ ಸಾಲಿನಲ್ಲಿ ಭಾಗ್ಯಾ ಬಗ್ಗಿ ಬಗ್ಗಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಅಲ್ಲಿಯೂ ಕೆಲಸ! ಧ್ವನಿ ಜರಾ ಏರಸ್ರಿ ಎಂಬಂತೆ ನನ್ನತ್ತ ಗದ್ದ ಎತ್ತಿದಳು. ನನಗೆ ಒಂದೇ ಒಂದು ವಾಕ್ಯವೂ ನೆನಪಾಗಲಿಲ್ಲ. ನೆನಪಾದದ್ದು ಬನ್. ಒಂದು ಶನಿವಾರ ನಮ್ಮ ತರಗತಿಯ ಹುಡುಗಿಯೊಬ್ಬಳು ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು. ಬೆಂಚು ಒರೆಸದ ಅವಳಿಗೆ ಸಿಸ್ಟರ್ ಎಲ್ಲರಿಗಿಂತ ಮೊದಲು ಬನ್ ಕೊಟ್ಟಿದ್ದರು. ಇಷ್ಟು ಕಾಲ ನನಗೆ ಬೆಂಚಷ್ಟೇ ಯಾಕೆ ನೆನಪಿತ್ತೋ.

"ನಮ್ಮ ಮನ್ಯಾಗ ಒಬ್ಬಾಕಿ ಅದಾಳ್ರಿ" ಎಂದುಬಿಟ್ಟೆ. ಪುಸ್ತಕದ ಕನ್ನಡ ಕೈಬಿಟ್ಟು ಹೋಗಿತ್ತು. "ಕೆಲಸ ಹುಡುಕೋದೂ ಒಂದು ಕೆಲಸಾನೇ ಅದ. ಆಕಿ ದಿನಾ ಅದನ್ನ ಮಾಡ್ತಿದ್ಲು. ನಾ ಅದನ್ನ ಕೂತು ಉಣ್ಣೋದು ಅಂದೆ. ಈಗ ಆಕಿ ಹುಡುಕೋದು ಬಿಟ್ಟು ಪಾತ್ರಿ ತಿಕ್ಕಾಕತ್ಯಾಳ. ಮನಿ ಥಳಥಳ ಅನ್ನಾಕತ್ಯಾದ. ನನಗ ನಿದ್ದಿ ಇಲ್ಲ." ಅಷ್ಟು ಹೇಳಿ ಕುಳಿತೆ. ಟೀಚರಮ್ಮ ಕನ್ನಡಕ ಸರಿಪಡಿಸಿಕೊಂಡು, "ಸುನಂದಾ, ಇದು ಪರವೋ ವಿರೋಧವೋ?" ಎಂದರು. ಮನೆ ಥಳಥಳ ಎಂದದ್ದಕ್ಕೆ ಪರದವರು ಚಪ್ಪಾಳೆ ತಟ್ಟಿದರು, ನಿದ್ದೆ ಇಲ್ಲ ಎಂದದ್ದಕ್ಕೆ ವಿರೋಧದವರು. ಬಹುಮಾನ ಮಾತ್ರ ಇಬ್ಬರೂ ಕೊಡಲಿಲ್ಲ. ಭಾಗ್ಯಾ ಬಂದು ನನ್ನ ಲೋಟಕ್ಕೆ ಮಾತ್ರ ಚಹಾವನ್ನು ಅಂಚಿನ ತನಕ ಸುರಿದಳು.

ಅಂದು ಸಂಜೆಯೇ ನಾನು ರೊಟ್ಟಿಯ ಹಂಚನ್ನು ಎತ್ತಿಕೊಂಡು ಹೋಗಿ ನನ್ನ ಮಂಚದ ಕೆಳಗಿಟ್ಟುಕೊಂಡೆ. ನಮ್ಮವರು ಇಣುಕಿ ನೋಡಿ, ಕಳ್ಳರು ಬಂದರೆ ಬಂಗಾರ ಬಿಟ್ಟು ಹಂಚು ಒಯ್ಯುತ್ತಾರೇನೆಂದು ಕೇಳಿದರು. ಬೆಳಗಿನ ಜಾವ ಸಪ್ಪಳ ನನ್ನ ಕೈಯಿಂದ ಹುಟ್ಟಿತು. ಭಾಗ್ಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ನಾನು ಹಿಟ್ಟಿನ ಕೈಯಿಂದಲೇ ಕಿಟಕಿಯ ಕಡೆ ತೋರಿಸಿದೆ. ಪುಸ್ತಕವನ್ನು ಒರೆಸಿಟ್ಟಿದ್ದೆ. ಅವಳು ಹೋಗಿ ಕುಳಿತಳು. ಅಂಚು ಬಿರಿದ ಎರಡು ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದಳು.

ಆ ದಿನ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಂಜೆ ಅವಳು ಬಂದು ಚಪ್ಪಲಿ ಬಿಡುವ ಮೊದಲೇ, "ಏನಂದ್ರು?" ಎಂದೆ.

"ಪಾಠ ಮೆಚ್ಚಿದ್ರು ಅತ್ತಿ. ನಾಳಿಂದನ ಬರ್ರಿ ಅಂದ್ರು. ಈ ವರ್ಷ ಮುಗಿಯೂ ತನಕ ಪಗಾರ ಇಲ್ಲ, ಕೆಲಸ ನೋಡಿ ಮುಂದ ವಿಚಾರ ಮಾಡ್ತಾರಂತ."

"ನೀ ಏನಂದಿ?"

"ಒಲ್ಲೆ ಅಂದೆ." ನೀರು ಕುಡಿದು ಲೋಟ ಇಟ್ಟಳು. "ಪಗಾರಿಲ್ಲದ ನೌಕರಿ ನಮ್ಮ ಮನ್ಯಾಗ ಒಬ್ಬರು ಮಾಡಾಕತ್ಯಾರ. ಒಂದು ಮನಿಗಿ ಒಬ್ಬರು ಸಾಕು ಅತ್ತಿ."

ಒಳಗಿನಿಂದ ಅತ್ತೆಯವರು ಗೊಳ್ಳೆಂದು ನಕ್ಕರು. ನನಗೆ ನಗು ಬಂತೋ ಅಳು ಬಂತೋ, ತಾಟು ಇಡುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಉಣ್ಣುವಾಗ ಅವಳು ಮೊದಲ ಸಲ ತಾನಾಗಿ, "ಅತ್ತಿ, ಇನ್ನೊಂದು ರೊಟ್ಟಿ" ಎಂದಳು. ಬಿರಿದದ್ದನ್ನೇ ಆರಿಸಿ ತೆಗೆದುಕೊಂಡಳು.

ಈಗ ಅವಳು ಮತ್ತೆ ಗ್ರಂಥಾಲಯಕ್ಕೆ ಹೋಗುತ್ತಾಳೆ. ಅರ್ಜಿ ಹಾಕುತ್ತಾಳೆ. ಕೆಲಸ ಇನ್ನೂ ಸಿಕ್ಕಿಲ್ಲ, ಆದರೆ ಪುಸ್ತಕದ ಮೇಲೆ ಧೂಳಿಲ್ಲ. ನಾನು ಮಾತ್ರ ಪೂರ್ತಿ ಸುಧಾರಿಸಿಲ್ಲ. ನಿನ್ನೆ ಭಾನುವಾರ ಮಧ್ಯಾಹ್ನ ಮಲಗಿದ್ದಾಗ ಬಾಗಿಲು ಬಡಿದ ಸಪ್ಪಳವಾಯಿತು. ಧಡಕ್ಕನೆ ಎದ್ದು ಮೂಲೆಯ ಕಸಬರಿಗೆ ಹಿಡಿದೆ. ಭಾಗ್ಯಾ ಪುಸ್ತಕದಿಂದ ತಲೆಯೆತ್ತದೆ, "ಹಾಲಿನವ ಅದಾನ್ರಿ ಅತ್ತಿ. ಕಸಬರಗಿ ಇಟ್ಟು ಮಲಕೋರಿ" ಎಂದಳು.

ಹೌದಲ್ಲ ಎಂದುಕೊಂಡೆ. ಹೇಗೂ ಹಿಡಿದಾಗಿತ್ತಲ್ಲ, ಗುಡಿಸಿಯೇ ಇಟ್ಟೆ.