ಒಂದು ಸ್ವಿಚ್ಚು, ಎರಡು ಸೂರ್ಯಾಸ್ತ

ದೀಪದಣ್ಣ ಸೋಮವಾರ ಸಂಜೆ ಸರಿಯಾಗಿ ಆರು ಗಂಟೆಗೆ ಬೀದಿದೀಪ ಹಾಕಿದ್ದ. ಮಂಗಳವಾರ ಬೆಳಿಗ್ಗೆ ಅವನ ಮೇಲೆ ಎರಡು ದೂರು ಬಂದಿದ್ದವು. ಸೂರ್ಯ ಕಣ್ಣು ಕುಕ್ಕುತ್ತಿರುವಾಗಲೇ ದೀಪ ಉರಿಸುತ್ತಾನೆಂದು ಒಂದು. ಕತ್ತಲಾಗಿ ಅರ್ಧ ಗಂಟೆ ಕಳೆದರೂ ದೀಪ ಹಾಕದೆ ತನ್ನನ್ನು ಚರಂಡಿಗೆ ಬೀಳಿಸಿದನೆಂದು ಇನ್ನೊಂದು.

ಎರಡೂ ಸುಳ್ಳಲ್ಲ. ತಪ್ಪು ಊರಿನದು. ಊರಿನ ಪಡುವಣಕ್ಕೆ ಒಂದು ಗುಡ್ಡ, ಮೇದು ದಣಿದ ಎಮ್ಮೆಯ ಹಾಗೆ ಅಡ್ಡ ಮಲಗಿದೆ. ಅದರ ಬುಡದ ಕೆಳಬೀದಿಗೆ ಸೂರ್ಯ ಐದೂವರೆಗೇ ಮುಳುಗುತ್ತಾನೆ. ನೆತ್ತಿಯ ಮೇಲ್ಬೀದಿಗೆ ಆರೂಕಾಲಾದರೂ ಮುಳುಗುವುದಿಲ್ಲ. ಕೆಳಗಿನವರು ಸೊಳ್ಳೆ ಹೊಡೆಯುತ್ತ ಕೂತಿರುವಾಗ ಮೇಲಿನವರು ಇನ್ನೂ ಬಟ್ಟೆ ಒಣಗಿಸುತ್ತಿರುತ್ತಾರೆ. ಆದರೆ ಎರಡೂ ಬೀದಿಯ ದೀಪಕ್ಕೆ ಇರುವುದು ಒಂದೇ ಸ್ವಿಚ್ಚು, ಕೆಳಬೀದಿಯ ಮೂಲೆಯಲ್ಲಿ, ತಗಡಿನ ಪೆಟ್ಟಿಗೆಯೊಳಗೆ. ಈ ಊರಿಗೆ ಒಂದೇ ಸಾಕು ಎಂದು ತೀರ್ಮಾನಿಸಿದ ಪುಣ್ಯಾತ್ಮ ಮಧ್ಯಾಹ್ನ ಬಂದು ಮಧ್ಯಾಹ್ನವೇ ಹೊರಟುಹೋಗಿರಬೇಕು.

ಆ ಪೆಟ್ಟಿಗೆಯ ಬೀಗದ ಕೈಯನ್ನು ದೀಪದಣ್ಣ ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ. ಅವನನ್ನು ಖಾಯಂ ಮಾಡುವ ಕಾಗದ ಕೊನೆಗೂ ಪುರಸಭೆಯ ಸಾಹೇಬರ ಮೇಜಿಗೆ ಬಂದಿತ್ತು. ಈಗ ಅದರ ಮೇಲೆ ಎರಡು ದೂರು ಹತ್ತಿ ಕೂತವು.

"ಸಾಯಂಕಾಲ ಜಿಲ್ಲೆಯಿಂದ ದೊಡ್ಡ ಸಾಹೇಬರು ಬರ್ತಿದಾರೆ," ಎಂದ ಗುಮಾಸ್ತ. "ಎರಡೂ ಬೀದೀಲಿ ಖುದ್ದಾಗಿ ನಿಂತು ನೋಡ್ತಾರಂತೆ. ಸೂರ್ಯ ಮುಳುಗಿದ ಕೂಡ್ಲೆ ದೀಪ ಹತ್ತಬೇಕು. ಹಿಂದೆ ಮುಂದೆ ಆಯ್ತೋ, ನಿನ್ನ ಕಾಗದ ಹರಿದು ಹಾಕ್ತಾರೆ."

"ಯಾವ ಬೀದಿ ಸೂರ್ಯ, ಸಾರ್?"

"ಸೂರ್ಯ ಎಷ್ಟು ಜನ ಇದಾರಯ್ಯ? ಒಬ್ಬನೇ ತಾನೆ?"

ಅಲ್ಲಿಗೆ ದೀಪದಣ್ಣನ ತಲೆಯೊಳಗೆ ಕಡೆಗೋಲು ಆಡತೊಡಗಿತು. ಸಿಕ್ಕಿದವರನ್ನೆಲ್ಲ ಕೇಳಿದ. ಕೇಳಿದ್ದೇ ತಪ್ಪಾಯಿತು. ಕೋಳಿ ಗೂಡು ಸೇರಿದರೆ ಸೂರ್ಯ ಮುಳುಗಿದ ಲೆಕ್ಕ ಎಂದ ಕ್ಷೌರದಂಗಡಿಯವನು. ಹೋಗಿ ನೋಡಿದರೆ ಅವನ ಕೋಳಿಗಳು ಮಧ್ಯಾಹ್ನ ಮೂರಕ್ಕೇ ಗೂಡಿನಲ್ಲಿ ತೂಕಡಿಸುತ್ತಿದ್ದವು. ಪುಸ್ತಕದಂಗಡಿಯವನು ಕ್ಯಾಲೆಂಡರ್ ನೋಡಿ ಆರು ಹದಿನೆಂಟು ಎಂದ. ದೀಪದಣ್ಣ ಅಷ್ಟನ್ನು ಬಾಯಿಪಾಠ ಮಾಡಿಕೊಂಡು ಅರ್ಧ ಬೀದಿ ದಾಟಿದ ಮೇಲೆ, ಅದು ಹೋದ ವರ್ಷದ ಕ್ಯಾಲೆಂಡರ್ ಎಂದು ಅಂಗಡಿಯವನು ಹಿಂದಿನಿಂದ ಕೂಗಿದ.

ಮನೆಗೆ ಬಂದು ತಲೆ ಹಿಡಿದುಕೊಂಡು ಕೂತ. ಹೆಂಡತಿ ಬದನೆಕಾಯಿಯನ್ನು ಮೂಗಿನ ಹತ್ತಿರ ಹಿಡಿದು, ಹುಳ ಇದೆಯೇ ಎಂದು ನೋಡಿ ನೋಡಿ ಹೆಚ್ಚುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಇಷ್ಟಕ್ಕೆ ಯಾಕ್ರೀ ಮುಖ ಹಿಂಗೆ ಮಾಡ್ಕೊಂಡಿದೀರ? ನೀವು ಗುಡ್ಡ ಹತ್ತಿ ಅವನು ಮುಳುಗೋದನ್ನ ಕಣ್ಣಾರೆ ನೋಡಿ. ಮುಳುಗಿದ ತಕ್ಷಣ ಬಿಳಿ ಟವಲು ಬೀಸಿ. ನಾನು ಪೆಟ್ಟಿಗೆ ಹತ್ರ ನಿಂತು ಸ್ವಿಚ್ಚು ಹಾಕ್ತೀನಿ."

"ಕೆಳಬೀದಿಯೋರು ಸುಮ್ನಿರ್ತಾರಾ?"

"ಚರಂಡಿಗೆ ಬಿದ್ದಿದ್ದು ಹೊಲಿಗೆ ಅಕ್ಕ ತಾನೆ? ಅವಳ ಬಾಯಿ ಮುಚ್ಚಿಸೋದು ನನಗೆ ಬಿಡಿ."

ಬೇರೆ ದಾರಿಯಿರಲಿಲ್ಲ. ಬೀಗದ ಕೈ ಅವಳಿಗೆ ಕೊಟ್ಟು ಟವಲು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದ.

ಮೇಲ್ಬೀದಿಯ ಮೊದಲ ಮನೆ ರಿಟೈರಾದ ಹೆಡ್‌ಮೇಷ್ಟ್ರದು. ಮೊದಲನೆಯ ದೂರು ಬರೆದವರೂ ಅವರೇ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನನ್ನು ಕಾಯುವ ಹಾಗೆ ಸೂರ್ಯನನ್ನು ಕಾಯುತ್ತ ಕೂತಿದ್ದರು. ನೀನೂ ಕೂತು ನೋಡು, ಬುದ್ಧಿ ಬರಲಿ ಎಂದರು. ದೀಪದಣ್ಣ ಮೆಟ್ಟಿಲ ಮೇಲೆ ಕೂತ. ಸೂರ್ಯ ಇನ್ನೂ ಎರಡಾಳು ಎತ್ತರದಲ್ಲಿದ್ದ.

ಅಷ್ಟರಲ್ಲಿ ನೆತ್ತಿಯ ಮೇಲೆ ಬೀದಿದೀಪ ಫಕ್ಕನೆ ಹತ್ತಿತು.

ದೀಪದಣ್ಣ ಹೆಗಲ ಮೇಲಿನ ಟವಲು ನೋಡಿಕೊಂಡ. ಅವನು ಬೀಸಿರಲಿಲ್ಲ, ಬೆವರು ಕೂಡ ಒರೆಸಿಕೊಂಡಿರಲಿಲ್ಲ. ಮೇಷ್ಟ್ರು ಒಳಗೆ ಹೋಗಿ ಪೆನ್ನು, ಕಾಗದ ತಂದರು. ಅವರು ತಾರೀಖು ಬರೆಯುವುದರೊಳಗೆ ದೀಪದಣ್ಣ ಗುಡ್ಡದ ಅಂಚಿಗೆ ಓಡಿ, ಹಾಕಬೇಡ, ಆರಿಸು ಎನ್ನುವಂತೆ ಟವಲು ಬೀಸತೊಡಗಿದ. ಬೀಸಿದ, ಬೀಸಿದ. ದಾರಿಯಲ್ಲಿ ಹೋಗುವವರು ಜೇನುನೊಣ ಎದ್ದಿದೆಯೆಂದು ತಲೆಗೆ ಬಟ್ಟೆ ಮುಚ್ಚಿಕೊಂಡು ಓಡಿದರು. ಕಾಲು ಗಂಟೆ ಕಳೆದು, ತೋಳು ಕಿತ್ತು ಬರುವ ಹೊತ್ತಿಗೆ ದೀಪ ಆರಿತು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಹೆಂಡತಿ ಎಂಥ ಜಾಣೆ ಎಂದು ದೀಪದಣ್ಣನ ಕಣ್ಣು ತುಂಬಿತು.

ಆಮೇಲೆ ಮೋಡ ಬಂತು. ಸೂರ್ಯ ಅದರೊಳಗೆ ಹೊಕ್ಕವನು ಈಚೆಗೆ ಬರಲಿಲ್ಲ. ಮುಳುಗಿದ ಎಂದರು ಮೇಷ್ಟ್ರ ಹೆಂಡತಿ. ಮುಳುಗಿಲ್ಲ ಎಂದರು ಮೇಷ್ಟ್ರು. ನಲವತ್ತು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ಇಲ್ಲ ಅಂತಲೇ ಅಂದಿದ್ದೀರಿ ಎಂದು ಆಕೆ ಬೇರೆ ಲೆಕ್ಕ ತೆಗೆದರು. ದೀಪದಣ್ಣ ಬೀಸುವುದೋ ಬಿಡುವುದೋ ತಿಳಿಯದೆ ಟವಲನ್ನು ಅರ್ಧ ಎತ್ತಿಕೊಂಡು ದಾರಿಯ ನಡುವೆ ನಿಂತ. ಅವನ ಮುಂದೆ ಒಂದು ಜೀಪು ಕಿರ್ರೆಂದು ನಿಂತಿತು.

ಒಳಗೆ ಪುರಸಭೆಯ ಸಾಹೇಬರು. ಪಕ್ಕದಲ್ಲಿ ದೊಡ್ಡ ಸಾಹೇಬರು.

"ಯಾರಯ್ಯ ನೀನು? ಜೀಪು ಯಾಕೆ ನಿಲ್ಲಿಸಿದೆ?" ಎಂದರು ದೊಡ್ಡ ಸಾಹೇಬರು.

"ದೀಪ ಹಾಕೋನು, ಸ್ವಾಮಿ."

"ಸ್ವಿಚ್ಚು ಕೆಳಗಿದೆ. ನೀನು ಮೇಲಿದೀಯ. ದೀಪ ಹೆಂಗೆ ಹಾಕ್ತೀಯ?"

ದೀಪದಣ್ಣ ಟವಲನ್ನು ಕಂಕುಳಿಗೆ ಸಿಕ್ಕಿಸಿ ಕೈಮುಗಿದು ನಿಂತ. ಅದೇ ಗಳಿಗೆಗೆ ಸೂರ್ಯ ಮೋಡದ ಕೆಳಗಿನಿಂದ ಕೆಂಪಗೆ ಇಣುಕಿ, ಎಲ್ಲರೂ ನೋಡುತ್ತಿರುವಂತೆಯೇ ಪುಳಕ್ಕನೆ ಮುಳುಗಿದ. ಬೀಸಬೇಕಾದ ಟವಲು ಕಂಕುಳಲ್ಲಿತ್ತು. ದೀಪ ಹತ್ತಿತು.

ದೊಡ್ಡ ಸಾಹೇಬರು ಗಡಿಯಾರ ನೋಡಿದರು, ದೀಪ ನೋಡಿದರು. ಜೀಪಿನಿಂದ ಇಳಿದೇಬಿಟ್ಟರು.

"ಕೆಳಬೀದೀಲಿ ಸೂರ್ಯ ಗುಡ್ಡದ ಹಿಂದೆ ಹೋದ, ದೀಪ ಹತ್ತಿತು. ಅರ್ಧ ಗುಡ್ಡದಲ್ಲಿ ಜೀಪು ಕೆಟ್ಟು ಬಿಸಿಲಲ್ಲಿ ನಿಂತ್ವಿ, ದೀಪ ಆರಿತು. ಇಲ್ಲಿ ಮುಳುಗಿದ, ಮತ್ತೆ ಹತ್ತಿತು. ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥ ಕೆಲಸ ನೋಡಿಲ್ಲ. ಸ್ವಿಚ್ಚಿನ ಹತ್ರ ಯಾರಿದಾರೆ?"

"ನನ್ನ ಹೆಂಡ್ತಿ, ಸ್ವಾಮಿ."

"ಹಾಗಾದ್ರೆ ಖಾಯಂ ಮಾಡ್ಬೇಕಾದ್ದು ಆಯಮ್ಮನ್ನ."

ಪುರಸಭೆಯ ಸಾಹೇಬರು ಅಲ್ಲೇ ಫೈಲು ಬಿಚ್ಚಿ, ಮೇಷ್ಟ್ರ ಪೆನ್ನು ಇಸಿದುಕೊಂಡು, ಹೆಸರು ಹೊಡೆದು ಹಾಕಿ ಬೇರೆ ಹೆಸರು ಬರೆದರು. ನನ್ನ ಗತಿ ಏನು ಎಂದು ದೀಪದಣ್ಣ ತೊದಲಿದ. ನೀನು ಇಲ್ಲೇ ನಿಂತು ಟವಲು ಬೀಸು, ದಿನಗೂಲಿ ಹಾಗೇ ಇರಲಿ ಎಂದು ದೊಡ್ಡ ಸಾಹೇಬರು ದೊಡ್ಡ ಮನಸ್ಸು ಮಾಡಿದರು.

ಅವನು ಗುಡ್ಡ ಇಳಿಯುವ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಕೆಳಬೀದಿಯಲ್ಲಿ ಯಾರೂ ದೂರಿರಲಿಲ್ಲ. ನಡುವೆ ದೀಪ ಆರಿದ್ದನ್ನು ಅವರು ಕರೆಂಟು ಹೋಯಿತು ಅಂದುಕೊಂಡಿದ್ದರು. ಆ ಅಭ್ಯಾಸ ಅವರಿಗಿತ್ತು. ಜೀಪು ಮೊದಲೇ ಇಳಿದುಬಂದದ್ದರಿಂದ ಹೆಂಡತಿಗೆ ಸುದ್ದಿ ಮುಟ್ಟಿತ್ತು. ಬೀಗದ ಕೈ ಆಗಲೇ ಅವಳ ಸೊಂಟ ಸೇರಿತ್ತು. ಹೋಗಲಿ, ಸಂಬಳ ಬರುವುದು ಒಂದೇ ಮನೆಗೆ ಎಂದುಕೊಂಡ ದೀಪದಣ್ಣ.

"ಅಲ್ವೇ, ಆರಿಸು ಅಂತ ನಾನು ಬೀಸಿದ್ದು ಅಷ್ಟು ದೂರದಿಂದ ನಿನಗೆ ಹೆಂಗೆ ಗೊತ್ತಾಯ್ತು?"

"ನೀವು ಬೀಸಿದ್ರಾ? ನನಗೆ ಗುಡ್ಡವೇ ಮಸಕುಮಸಕು, ಟವಲೆಲ್ಲಿ ಕಾಣುತ್ತೆ. ಹೊಲಿಗೆ ಅಕ್ಕ ಬ್ಯಾಂಡಿನೋರ ಕೋಟಿನ ಗುಂಡಿ ಬೀದೀಲಿ ಬೀಳಿಸಿಕೊಂಡ್ಳು. ಹುಡುಕೋಕೆ ದೀಪ ಹಾಕಿದೆ. ಸಿಕ್ತು, ಆರಿಸಿದೆ. ಆಮೇಲೆ ನಿಮ್ಮನ್ನ ಕಾದು ಕಾದು ಸಾಕಾಗಿ ಮನೆಗೆ ಹೋಗೋಣ ಅಂದ್ರೆ ಕತ್ತಲಲ್ಲಿ ಪೆಟ್ಟಿಗೆ ಬೀಗದ ತೂತು ಕಾಣಿಸಲಿಲ್ಲ. ಅದಕ್ಕೆ ಮತ್ತೆ ಹಾಕಿದೆ."

ಮರುದಿನ ಸಂಜೆ ದೀಪದಣ್ಣ ಗುಡ್ಡದ ಅಂಚಿನಲ್ಲಿ ಟವಲು ಹಿಡಿದು ನಿಂತಿದ್ದ. ಸೂರ್ಯ ಇನ್ನೂ ಎರಡಾಳು ಮೇಲಿದ್ದ. ದೀಪ ಫಕ್ಕನೆ ಹತ್ತಿತು. ಯಾರದೋ ಗುಂಡಿ ಬಿದ್ದಿರಬೇಕು. ಅವನು ಎರಡೂ ಕೈಯಲ್ಲಿ ಟವಲು ಬೀಸಿದ. ದೀಪ ಆರಲಿಲ್ಲ. ಹಿಂದೆ ಮೇಷ್ಟ್ರ ಕುರ್ಚಿ ಕಿರುಗುಟ್ಟಿತು, ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

"ಈ ಸಲ ದೂರು ಅವಳ ಮೇಲೆ ತಾನೆ, ಮೇಷ್ಟ್ರೆ?" ಎಂದು ತಿರುಗದೆಯೇ ಕೇಳಿದ.

"ಆಯಮ್ಮ ಖಾಯಂ ನೌಕರಿಯೋಳು ಕಣಯ್ಯ, ಬರೆದು ಏನು ಪ್ರಯೋಜನ?" ಎಂದರು ಮೇಷ್ಟ್ರು. "ಟವಲು ಬೀಸೋನು ಸರಿಯಿಲ್ಲ ಅಂತ ಬರೀತಿದೀನಿ."