ಪರಶುರಾಮಪ್ಪನ ರೇಡಿಯೋ ಬೆಳ್ಳಗಾದದ್ದು

ಗೋಡೆಗೆ ಬಣ್ಣ ಹೊಡೆಸದೇ ಇದ್ದಿದ್ದರೆ ಪರಶುರಾಮಪ್ಪನ ರೇಡಿಯೋ ಇನ್ನೂ ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇರುತ್ತಿತ್ತು. ಹೋದ ವಾರ ಶಿಕಾರಿಪುರದ ಅವನ ಮನೆಯ ಪಡಸಾಲೆಗೆ ಬಿಳಿ ಬಣ್ಣ ಬಿತ್ತು. ಆ ಗೋಡೆಯ ಮುಂದೆ ಹಳೆಯ ರೇಡಿಯೋ, ಎಲೆ ಅಡಿಕೆ ಹಾಕಿಕೊಂಡು ಫೋಟೋಕ್ಕೆ ನಕ್ಕವರ ಹಲ್ಲಿನಂತೆ ಎದ್ದು ಕಾಣತೊಡಗಿತು. ತಪ್ಪು ಗೋಡೆಯದೋ ರೇಡಿಯೋದ್ದೋ ಎಂದು ಅವನು ಯೋಚಿಸುತ್ತಿರುವಾಗಲೇ ಹೆಂಡತಿ ವನಜಮ್ಮ ತೀರ್ಪು ಕೊಟ್ಟುಬಿಟ್ಟಳು.

ಅಂದು ಭಾನುವಾರ. ತಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಅವಳು ಸೊರಬದ ತವರಿಗೆ ಹೊರಟಿದ್ದಳು. ಚಪ್ಪಲಿ ಮೆಟ್ಟಿಕೊಂಡವಳು ತಿರುಗಿ ನಿಂತು ರೇಡಿಯೋದ ಕಡೆ ಬೆರಳು ಮಾಡಿದಳು.

"ನೋಡ್ರಿ, ಸಂಜೆ ಬಸ್ಸಿಗೆ ಬರ್ತೀನಿ. ಅಷ್ಟ್ರೊಳಗೆ ಈ ಹಳದಿ ಡಬ್ಬ ಗುಜರಿಯವನ ಗಾಡಿ ಹತ್ತಿರ್ಬೇಕು. ಇದರ ಬಣ್ಣ ನೋಡಿದ್ರೆ ವಾಕರಿಕೆ ಬರ್ತದೆ."

ಬೀಜ-ಗೊಬ್ಬರದ ಅಂಗಡಿಯಲ್ಲಿ ತೂಕ ಹಾಕುವ ಪರಶುರಾಮಪ್ಪನಿಗೆ ಆ ರೇಡಿಯೋ ಇಲ್ಲದೆ ದಿನ ಹೇಗೆ ಶುರುವಾಗುತ್ತದೆಂಬುದೇ ಗೊತ್ತಿರಲಿಲ್ಲ. ಬೆಳಗಿನ ಭಕ್ತಿಗೀತೆ, ರೈತರಿಗೆ ಸಲಹೆ, ಪೇಟೆ ಧಾರಣೆ, ಅರ್ಥವಾಗದ ಸಂಸ್ಕೃತ ವಾರ್ತೆ, ಎಲ್ಲವನ್ನೂ ಪೂರ್ತಿ ದನಿ ಏರಿಸಿ ಕೇಳುತ್ತಿದ್ದ. ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಎಚ್ಚರಿಕೆ ಬಂದರಂತೂ ಗುಂಡಿಯನ್ನು ಇನ್ನೂ ತಿರುಗಿಸಲು ನೋಡುತ್ತಿದ್ದ. ಅಂಜನಾಪುರದ ಜಲಾಶಯ ಬಿಟ್ಟರೆ ಅವನು ದೊಡ್ಡ ನೀರು ಕಂಡವನಲ್ಲ.

ಅದು ಮದುವೆಯ ರೇಡಿಯೋ ಬೇರೆ. ಮೂವತ್ತು ವರ್ಷದ ಹಿಂದೆ ತೊಗರ್ಸಿ ಕಡೆಯ ಒಬ್ಬ ಸಾಹುಕಾರರು ಸಾಮೂಹಿಕ ಮದುವೆ ಮಾಡಿಸಿದ್ದರು. ಎಲ್ಲರಂತೆ ಕೊಡಪಾನ ಕೊಡುವುದು ಬೇಡವೆಂದು ಜೋಡಿಗೊಂದು ಬಿಳಿ ರೇಡಿಯೋ ಕೊಟ್ಟರು. ಆ ಮದುವೆಯ ನಾಲ್ಕು ಜೋಡಿಗಳು ಮುಂದೆ ಒಟ್ಟಿಗೇ ಸೈಟು ಹಿಡಿದು ಇದೇ ಬೀದಿಯಲ್ಲಿ ಮನೆ ಕಟ್ಟಿಕೊಂಡವು. ಉಳಿದ ಮೂರು ಮನೆಯ ರೇಡಿಯೋಗಳು ಯಾವತ್ತೋ ಬಾಯಿ ಮುಚ್ಚಿದ್ದವು. ಪರಶುರಾಮಪ್ಪನದು ಮಾತ್ರ ಇನ್ನೂ ಹಾಡುತ್ತಿತ್ತು. ಅದನ್ನು ಗುಜರಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ.

ಬಸ್ಸು ಹೋದ ಮೇಲೆ ಅವನು ಮೊಬೈಲನ್ನೇ ಕೇಳಿದ. ಒಬ್ಬ ಗಡ್ಡದ ಮನುಷ್ಯ ಹಿಂದಿಯಲ್ಲಿ ಎಲ್ಲವನ್ನೂ ತೋರಿಸಿಕೊಟ್ಟ. ಬಿಸಿಲು ತಾಗಿ ತಾಗಿ ಪ್ಲಾಸ್ಟಿಕ್ ಹಳದಿಯಾಗುತ್ತದಂತೆ. ಅದಕ್ಕೆ ತಲೆಗೂದಲ ಬಣ್ಣ ತೆಗೆಯುವ ಕ್ರೀಮು ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಮತ್ತೆ ಬಿಸಿಲಿಗೇ ಇಡಬೇಕಂತೆ. ಬಿಸಿಲಿನಿಂದ ಕೆಟ್ಟದ್ದು ಬಿಸಿಲಿನಿಂದಲೇ ನೆಟ್ಟಗಾಗುವುದು ಹೇಗೆಂದು ಪರಶುರಾಮಪ್ಪನಿಗೆ ತಿಳಿಯಲಿಲ್ಲ. ಆದರೆ ವಿಡಿಯೋದ ಕೊನೆಗೆ ಗಡ್ಡದವನ ಕೈಯಲ್ಲಿದ್ದದ್ದು ಮಲ್ಲಿಗೆಯಂಥ ಬಿಳಿ ರೇಡಿಯೋ. ಪರಶುರಾಮಪ್ಪ ಅಂಗಿ ತೊಟ್ಟು ಹೊರಟ.

ಆ ಕ್ರೀಮು ಸಿಗುವುದು ಬಸ್ ಸ್ಟ್ಯಾಂಡಿನ ಹತ್ತಿರ ಅಶ್ವಿನಿ ಎಂಬ ಹುಡುಗಿ ಇಟ್ಟಿದ್ದ ಬ್ಯೂಟಿ ಪಾರ್ಲರಿನಲ್ಲಿ. ಗಂಡಸರಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ಮುಂದೆ ಅವನು ಕಳ್ಳನಂತೆ ಮೂರು ಸಲ ಓಡಾಡಿದ. ಕೊನೆಗೆ ಅವಳೇ ಪರದೆ ಸರಿಸಿ, ಯಾರು ಬೇಕಿತ್ತು ಎಂದಳು. ಅವನು ಮೊಬೈಲಿನಲ್ಲಿದ್ದ ಬಾಟಲಿಯ ಚಿತ್ರ ತೋರಿಸಿದ. ಅವಳು ಅವನ ತಲೆ ನೋಡಿದಳು. ಅಲ್ಲಿ ಕೂದಲೆಂಬುದು ಕಿವಿಗಳ ಸುತ್ತ ಮಾತ್ರ ಇತ್ತು.

"ನಿಮಗಾದ್ರೆ ಅಂಕಲ್, ಚಿಕ್ಕ ಪ್ಯಾಕೆಟ್ಟೇ ಜಾಸ್ತಿ ಆಗ್ತದೆ."

ತನಗಲ್ಲ, ರೇಡಿಯೋಕ್ಕೆ ಎಂದು ಪರಶುರಾಮಪ್ಪ ಹೇಳಿದ. ಒಳಗೆ ಮುಖಕ್ಕೆ ಮಣ್ಣು ಮೆತ್ತಿಕೊಂಡು ಕೂತಿದ್ದ ಇಬ್ಬರು ಹೆಂಗಸರು ಕಣ್ಣು ತೆರೆದರು. ಅಶ್ವಿನಿ ದೊಡ್ಡ ಬಾಟಲಿ ಕೊಟ್ಟು ಪರದೆ ಎಳೆದುಕೊಂಡಳು.

ಅವನು ತಾರಸಿಯ ಮೇಲೆ ಗೋಣಿಚೀಲ ಹಾಸಿದ. ರೇಡಿಯೋದ ಸ್ಕ್ರೂ ಬಿಚ್ಚಿ, ಹೊರಗಿನ ಕವಚ ಬೇರೆ, ಒಳಗಿನ ತಂತಿ ಗಿಂತಿ ಬೇರೆ ಮಾಡಿದ. ಕೈಗೆ ಹಾಲಿನ ಪ್ಯಾಕೆಟ್ಟಿನ ಕವರು ಕಟ್ಟಿಕೊಂಡು ಕವಚಕ್ಕೆ ಕ್ರೀಮು ಮೆತ್ತುತ್ತಿರುವಾಗ ಪಕ್ಕದ ಮನೆಯ ನಿರ್ಮಲಮ್ಮ ಹಪ್ಪಳ ಒಣಗಿಸಲು ತನ್ನ ತಾರಸಿಗೆ ಬಂದಳು. ಎರಡು ತಾರಸಿಗಳ ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಏನಿದು ರೇಡಿಯೋಕ್ಕೆ ಬೆಣ್ಣೆ ಅಲಂಕಾರ ಎಂದು ಅವಳು ಕೇಳಿದಳು. ಪರಶುರಾಮಪ್ಪ ವಿಷಯ ಹೇಳಿದ. ಹೇಳಬಾರದಿತ್ತು.

ಮುಂದಿನ ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ಸುದ್ದಿ ಹೋಯಿತು. ನಿರ್ಮಲಮ್ಮ ತನ್ನ ಮನೆಯ ಮದುವೆ ರೇಡಿಯೋ ತಂದಳು. ಅದು ದೇವರ ಗೂಡಿನ ಕೆಳಗಿದ್ದು ದೀಪದ ಎಣ್ಣೆ, ಊದುಬತ್ತಿ ಹೊಗೆ ಕುಡಿದು ಅರಿಶಿನದ ಕೊಂಬಿನ ಬಣ್ಣಕ್ಕೆ ತಿರುಗಿತ್ತು. ಬೀದಿಯ ಆ ತುದಿಯಿಂದ ಸುಬ್ಬಪ್ಪ ತನ್ನದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅವನ ಬೀಡಿಯ ಹೊಗೆಗೆ ಅದು ಬೆಲ್ಲದ ಅಚ್ಚಿನಂತಾಗಿತ್ತು. ಎದುರು ಮನೆಯ ಗೋಪಾಲಪ್ಪನ ರೇಡಿಯೋದಲ್ಲಿ ಸೆಲ್ ಹಾಕುವ ಜಾಗದಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು. ಹೆಂಗೂ ಕ್ರೀಮು ಉಳಿದೈತಲ್ಲ ಎಂದರು ಎಲ್ಲರೂ. ಪರಶುರಾಮಪ್ಪನಿಗೆ ಬೇಡ ಎನ್ನಲು ಬಾರದು. ಅಂಗಡಿಯಲ್ಲೂ ಅವನು ತಕ್ಕಡಿಯನ್ನು ಗಿರಾಕಿಯ ಕಡೆಗೇ ಬಾಗಿಸಿ ಮಾಲೀಕರಿಂದ ಬೈಸಿಕೊಳ್ಳುವವನು.

ನಾಲ್ಕನ್ನೂ ಬಿಚ್ಚಿದ್ದಾಯಿತು, ಕ್ರೀಮು ಹಚ್ಚಿದ್ದಾಯಿತು, ಹಾಳೆ ಸುತ್ತಿದ್ದಾಯಿತು. ಯಾರದ್ದು ಯಾವುದೆಂದು ತಿಳಿಯಲು ಅವನು ಸಾಲಾಗಿ ಇಟ್ಟು, ಪ್ರತಿಯೊಂದರ ಹಿಂದೆ ಅದರದರ ಒಳಗಿನ ಸಾಮಾನು ಜೋಡಿಸಿದ. ಬಣ್ಣವೇ ಗುರುತಾಗಿತ್ತು, ಬೇರೆ ಗುರುತು ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಊಟಕ್ಕೆಂದು ಅವನು ಕೆಳಗಿಳಿದಾಗ ನಿರ್ಮಲಮ್ಮ ಹಪ್ಪಳ ತಿರುವಿ ಹಾಕಲು ಬಂದಳು. ನೀರಿನ ಟ್ಯಾಂಕಿನ ನೆರಳು ಎರಡು ರೇಡಿಯೋಗಳ ಮೇಲೆ ಬಿದ್ದದ್ದು ಕಂಡು ಅವಳಿಗೆ ಪಾಪ ಎನಿಸಿತು. ಗೋಡೆ ದಾಟಿ, ಎಲ್ಲಕ್ಕೂ ಸಮನಾಗಿ ಬಿಸಿಲು ಸಿಗಲೆಂದು ಕವಚಗಳನ್ನು ಅತ್ತಿಂದಿತ್ತ ಮಾಡಿಟ್ಟಳು. ಆಮೇಲೆ ಮೋಡ ಕವಿಯಿತು. ಸುಬ್ಬಪ್ಪ ಓಡಿ ಬಂದು, ಎರಡು ಹನಿ ಬಿದ್ದರೆ ತಂತಿ ಹಾಳು ಎಂದು ಒಳಗಿನ ಸಾಮಾನನ್ನೆಲ್ಲ ಒಂದೇ ಪುಟ್ಟಿಗೆ ಬಾಚಿಕೊಂಡ. ಹನಿ ಬೀಳಲಿಲ್ಲ, ಮೋಡ ಹಾಗೇ ಸೊರಬದ ಕಡೆಗೆ ಹೋಯಿತು. ಇಷ್ಟು ಉಪಕಾರ ಮಾಡಿದ ಸುಬ್ಬಪ್ಪ ಬೆವರು ಒರೆಸಿಕೊಳ್ಳುವಾಗ ಹಾಳೆಯಂಚಿನಿಂದ ಕೈಗೆ ಮೆತ್ತಿಕೊಂಡಿದ್ದ ಕ್ರೀಮನ್ನು ತನ್ನ ಕಪ್ಪು ಮೀಸೆಯ ಎಡಭಾಗಕ್ಕೆ ಸವರಿಕೊಂಡದ್ದನ್ನು ಯಾರೂ ನೋಡಲಿಲ್ಲ. ಅವನು ಬಿಸಿಲಲ್ಲೇ ಬೀಡಿ ಸೇದುತ್ತ ಕೂತ.

ಸಂಜೆ ಹಾಳೆ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ ಪರಶುರಾಮಪ್ಪ ಒಂದೊಂದನ್ನೇ ಎತ್ತಿ ನೋಡಿದ. ನಾಲ್ಕೂ ಹೊಸದಾಗಿ ಪೆಟ್ಟಿಗೆಯಿಂದ ತೆಗೆದಂತೆ ಬೆಳ್ಳಗಾಗಿದ್ದವು. ಅರಿಶಿನವೂ ಇಲ್ಲ, ಬೆಲ್ಲವೂ ಇಲ್ಲ. ನೆರೆದವರೆಲ್ಲ ಅವನ ಬೆನ್ನು ತಟ್ಟಿದರು. ಆಮೇಲೆ ತಮ್ಮ ತಮ್ಮದನ್ನು ಎತ್ತಿಕೊಳ್ಳಲು ಬಗ್ಗಿದರು. ತಮ್ಮದು ಯಾವುದೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಸುಬ್ಬಪ್ಪನ ಮೀಸೆಯ ಎಡಭಾಗ ಜೋಳದ ತೆನೆಯ ಕೂದಲಿನಂತೆ ಕೆಂಚಗಾಗಿರುವುದು ಆಗಲೇ ಎಲ್ಲರ ಕಣ್ಣಿಗೆ ಬಿದ್ದದ್ದು.

ಪರಶುರಾಮಪ್ಪ ಹೆದರಲಿಲ್ಲ. ಹಾಡುವುದು ತನ್ನದೊಂದೇ, ಹಾಡಿಸಿ ನೋಡಿದರೆ ಮುಗಿಯಿತಲ್ಲ. ಪುಟ್ಟಿಯಿಂದ ಕೈಗೆ ಸಿಕ್ಕ ಸಾಮಾನನ್ನು ಕೈಗೆ ಸಿಕ್ಕ ಕವಚಕ್ಕೆ ಕೂಡಿಸಿ, ಒಂದೊಂದಕ್ಕೂ ಸೆಲ್ ಹಾಕಿ ಗುಂಡಿ ತಿರುಗಿಸಿದ. ಮೂರು ಸುಮ್ಮನಿದ್ದವು. ಒಂದು ಹಾಡಿತು. ಅವನು ಅದನ್ನು ಎತ್ತಿಕೊಳ್ಳಲು ಕೈ ಚಾಚಿದ. ಅವನಿಗಿಂತ ಮೊದಲು ಸುಬ್ಬಪ್ಪನ ಕೈ ಅದರ ಮೇಲಿತ್ತು.

"ನಮ್ದು ಸತ್ತಿರ್ಲಿಲ್ಲ ಪರಶುರಾಮಪ್ಪ, ಮಂಪರಿನಾಗಿತ್ತು. ನೀನು ಬಿಚ್ಚಿ ಒರೆಸಿದ್ದಕ್ಕೆ ಎಚ್ಚರಾಗೈತಿ."

ನಿರ್ಮಲಮ್ಮ ಒಪ್ಪಲಿಲ್ಲ. ತಮ್ಮ ಮನೆಯಲ್ಲಿ ಅತ್ತೆ ತೀರಿಕೊಂಡ ಮೇಲೆ ರೇಡಿಯೋಕ್ಕೆ ಸೆಲ್ ಹಾಕಿದವರೇ ಇಲ್ಲ, ಸೆಲ್ ಇಲ್ಲದೆ ಯಾವ ರೇಡಿಯೋ ಹಾಡುತ್ತದೆ ಎಂದು ಕೇಳಿದಳು. ಗೋಪಾಲಪ್ಪ ಹಲ್ಲಿಯ ಮೊಟ್ಟೆ ತೆಗೆದದ್ದನ್ನು ನೆನಪಿಸಿದ. ಗಂಟಲಲ್ಲಿ ಸಿಕ್ಕಿಕೊಂಡದ್ದು ಹೊರಗೆ ಬಂದರೆ ದನಿ ಬಿಡುವುದು ಸಹಜ ಎಂದ. ಪರಶುರಾಮಪ್ಪನಿಗೆ ಮೂವರ ಮಾತೂ ಸರಿ ಎನಿಸಿತು. ಬಿಚ್ಚಿ ಕೂಡಿಸುವಾಗ ತನ್ನದರ ತಂತಿಯೇ ಕಿತ್ತು ಅದು ಸತ್ತಿರಬಹುದು, ಸತ್ತದ್ದರಲ್ಲಿ ಒಂದು ಎದ್ದಿರಬಹುದು. ಅದೂ ಅಲ್ಲದೆ ಒಳಗಿನದು ಒಬ್ಬರದಾಗಿ ಕವಚ ಇನ್ನೊಬ್ಬರದಾದರೆ ರೇಡಿಯೋ ಯಾರದ್ದೆನ್ನಬೇಕು? ಅವನ ತಲೆ ಗಿರ್ರೆಂದಿತು.

ಮಾತು ಏರಿತು. ಯಾರ ಮನೆಯಲ್ಲಿ ಯಾರು ಮದುವೆಯ ಸಾಮಾನು ಹೇಗೆ ಇಟ್ಟುಕೊಂಡರು ಎಂಬಲ್ಲಿಗೆ ಹೋಯಿತು. ಕೊನೆಗೆ ನಿರ್ಮಲಮ್ಮನೇ ದಾರಿ ಹೇಳಿದಳು.

"ವನಜಮ್ಮ ಬರ್ಲಿ ತಡೀರಿ. ಗಂಡಸ್ರು ರೇಡಿಯೋ ಕೇಳ್ತಾರೆ, ಒರೆಸೋರು ಹೆಂಗಸ್ರು. ಒರೆಸಿದ ಕೈಗೆ ಗುರುತು ಸಿಗ್ತತಿ. ನಾನಂತೂ ನಮ್ದನ್ನ ಒರೆಸಿದೋಳಲ್ಲ, ಸುಳ್ಳು ಯಾಕೆ ಹೇಳ್ಲಿ."

ಎಲ್ಲರೂ ಒಪ್ಪಿದರು. ವನಜಮ್ಮ ಇನ್ನೊಬ್ಬರ ಮನೆಯ ಕರಿಬೇವಿನ ಎಲೆಯನ್ನೂ ಕೇಳದೆ ಮುಟ್ಟುವವಳಲ್ಲ ಎಂಬುದು ಬೀದಿಗೇ ಗೊತ್ತಿತ್ತು. ಪರಶುರಾಮಪ್ಪನಿಗೆ ಹೋದ ಜೀವ ಬಂದಂತಾಯಿತು. ಅವಳು ಬಂದು, ಬೆಳ್ಳಗಾದ ತಮ್ಮ ರೇಡಿಯೋ ಕಂಡು, ಇದು ನಮ್ಮದು ಎಂದುಬಿಟ್ಟರೆ ಗುಜರಿಯ ಮಾತೂ ಅಲ್ಲಿಗೇ ಮುಗಿಯುತ್ತದೆ.

ಬಸ್ಸು ಇಳಿದು ಬಂದ ವನಜಮ್ಮ ಮನೆ ಮುಂದೆ ಜನ ಕಂಡು ಗಾಬರಿಯಾದಳು. ಜಗಲಿಯ ಮೇಲೆ ನಾಲ್ಕು ಬಿಳಿ ರೇಡಿಯೋ, ಪಕ್ಕದಲ್ಲಿ ಎರಡು ಬಣ್ಣದ ಮೀಸೆ. ಗಂಡ ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ, ನಿರ್ಮಲಮ್ಮ ಹೇಳಿದ ಮೇಲೆ ಅರ್ಥವಾಯಿತು. ಬ್ಯಾಗು ಕೆಳಗಿಟ್ಟು, ಸೆರಗಿನ ತುದಿಯಿಂದ ಒಂದೊಂದನ್ನೂ ಒರೆಸಿ ನೋಡಿದಳು. ಹಾಡುವುದರ ಮುಂದೆ ಕೂತಾಗ ಅದನ್ನು ಬಂದ್ ಮಾಡಿ ಮತ್ತೆ ಹಾಕಿದಳು, ಕಿವಿ ಕೊಟ್ಟಳು. ಪರಶುರಾಮಪ್ಪ ಅದನ್ನು ಎತ್ತಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದ. ಅವಳು ಎದ್ದು, ಅದರ ಪಕ್ಕದ ಮೂಗ ರೇಡಿಯೋವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಇದು ನಮ್ದು. ಅನುಮಾನನೇ ಬೇಡ."

ಪರಶುರಾಮಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಡೆ ನೋಡಲೇ ಇಲ್ಲ. ಹಾಡುವುದನ್ನು ಸುಬ್ಬಪ್ಪನಿಗೆ ಕೊಟ್ಟುಬಿಡಿ, ಪಾಪ ಬೀದಿಯ ಕೆಲಸಕ್ಕೆ ಮೀಸೆ ಕೆಡಿಸಿಕೊಂಡಿದ್ದಾನೆ ಎಂದಳು. ಅದು ನ್ಯಾಯವೆಂದು ಗೋಪಾಲಪ್ಪನಿಗೂ ಅನಿಸಿತು. ಸುಬ್ಬಪ್ಪ ರೇಡಿಯೋ ಹಾಡಿಸಿಕೊಂಡೇ ಬೀದಿಯ ಆ ತುದಿಗೆ ನಡೆದ. ಅವನು ಮನೆ ಸೇರುವ ಹೊತ್ತಿಗೆ ಇಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ.

ವನಜಮ್ಮ ರೇಡಿಯೋವನ್ನು ಹೊಸ ಗೋಡೆಯ ಮುಂದೆ ಇಟ್ಟು, ದೂರ ನಿಂತು ನೋಡಿ, ಈಗ ಚೆಂದ ಕಾಣ್ತದೆ ಎಂದಳು. ಪರಶುರಾಮಪ್ಪ ಹೊಸ ಸೆಲ್ ಹಾಕಿದ, ಗುಂಡಿ ತಿರುಗಿಸಿದ, ತಟ್ಟಿದ, ಕುಟ್ಟಿದ. ಅದು ಉಸಿರೆತ್ತಲಿಲ್ಲ.

"ನೀನು ಗುರುತು ತಪ್ಪಿದೆ ಕಣೇ," ಎಂದ ಅವನು ಅಳುಮುಖ ಮಾಡಿಕೊಂಡು. "ಹಾಡ್ತಿದ್ದದ್ದು ನಮ್ದು."

"ನಂಗೆ ಗೊತ್ತಿಲ್ವಾ? ದನಿ ಬಿಡೋಕೆ ಮುಂಚೆ ಅದು ಒಂದ್ಸಲ ಕೆಮ್ತದೆ. ದಿನಾ ಬೆಳಗಿನ ಜಾವ ನನ್ನ ನಿದ್ದೆ ಕೆಡಿಸೋದೇ ಆ ಕೆಮ್ಮು. ಹಾಡು ಕೇಳೋರಿಗೆ ಕೆಮ್ಮು ಕೇಳ್ಸಲ್ಲ ಬಿಡಿ."

ಪರಶುರಾಮಪ್ಪ ಕಣ್ಣು ಕಣ್ಣು ಬಿಟ್ಟ. ಇಡೀ ದಿನದಲ್ಲಿ ಅರ್ಥವಾಗದ್ದು ಬಹಳವಿತ್ತು, ಇದು ಎಲ್ಲಕ್ಕಿಂತ ಮೇಲಾಯಿತು. ಗೊತ್ತಿದ್ದೂ ಬಿಟ್ಟು ಬಂದೆಯಾ ಎಂದು ಕೇಳಿದ. ಸದ್ದು ಸಹಿಸಲಾಗದಿದ್ದರೆ ನೆಟ್ಟಗೆ ಸದ್ದು ಎನ್ನಬೇಕಿತ್ತು, ಬಣ್ಣ ಬಣ್ಣ ಎಂದು ಯಾಕೆ ಹೇಳಿದೆ ಎಂದು ಕೇಳಿದ.

"ಮೂವತ್ತು ವರ್ಷ ಸದ್ದು ಸದ್ದು ಅಂತಾನೇ ಹೇಳಿದೆ ಮಾರಾಯ್ರೆ. ರೇಡಿಯೋ ಹಾಕಿರ್ತಿದ್ರಿ, ಕೇಳಿಸ್ಲಿಲ್ಲ. ಬಣ್ಣ ಆದ್ರೆ ಕಣ್ಣಿಗಾದ್ರೂ ಕಾಣ್ತದಲ್ಲ ಅಂತ ಬಣ್ಣ ಅಂದೆ."

ಇಷ್ಟು ಹೇಳಿ ಅವಳು ಅಡುಗೆಮನೆಗೆ ಹೋದಳು. ಪರಶುರಾಮಪ್ಪ ಸೆಲ್ಲುಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತ. ಬಿಳಿ ಗೋಡೆ, ಬಿಳಿ ರೇಡಿಯೋ, ಮನೆಯೆಲ್ಲ ನಿಶ್ಶಬ್ದ. ಒಳಗಿನಿಂದ ಅವಳ ಮಾತು ಅಕ್ಷರ ಬಿಡದೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬಚ್ಚಲಿನ ನಲ್ಲಿ ಸೋರುತ್ತಿದೆಯಂತೆ, ಹಿತ್ತಲ ಬಾಗಿಲ ಚಿಲಕ ಸಡಿಲವಾಗಿದೆಯಂತೆ, ಅಟ್ಟದ ಮೇಲಿನ ಕೊಳಗ ಇಳಿಸಿಕೊಡಬೇಕಂತೆ, ಈಸೂರಿನ ಅಕ್ಕನ ಮನೆಗೆ ಹೋಗಿ ಬರಬೇಕಂತೆ. ಇದೆಲ್ಲ ಅವಳು ಎಷ್ಟು ದಿನದಿಂದ ಹೇಳುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಕೇಳಿಸಲಿಲ್ಲ ಎನ್ನಲು ಮಾತ್ರ ಅವನ ಬಳಿ ಈಗ ಏನೂ ಉಳಿದಿರಲಿಲ್ಲ. ಅವನು ಎದ್ದು ನಲ್ಲಿ ನೋಡಲು ಬಚ್ಚಲಿಗೆ ಹೋದ.